ನಾನಿರೋವರ್ಗೂ ಗ್ಯಾರಂಟಿ

ನನ್ನ ಸೋದರಮಾವನ ಪ್ರಕಾರ ಲೋಕದಲ್ಲಿರುವುದು ಎರಡೇ ಜಾತಿ. ಬಾಗಿಲನ್ನು ಮೆಲ್ಲಗೆ ಹಾಕುವವರು ಒಂದು, ದಢಾರ್ ಎಂದು ಬಡಿಯುವವರು ಇನ್ನೊಂದು. ಎರಡನೆಯ ಜಾತಿಯವರಿಗೆ ಮಾವ ಮನೆ ಕಟ್ಟಿಕೊಡುವುದಿಲ್ಲ ಎಂದುಕೊಳ್ಳಬೇಡಿ. ಧಾರಾಳವಾಗಿ ಕಟ್ಟಿಕೊಡುತ್ತಾರೆ. ರೇಟು ಮಾತ್ರ ಬೇರೆ!

ಮಾವ ನೆಲಮಂಗಲದ ಸುತ್ತಮುತ್ತ ಮನೆ ಕಟ್ಟಿಸುವ ಕಂಟ್ರಾಕ್ಟರು. ಯಾರಾದರೂ ಮನೆ ಕಟ್ಟಿಕೊಡಿ ಎಂದು ಬಂದರೆ ಬೇರೆ ಕಂಟ್ರಾಕ್ಟರುಗಳು ಅವರ ಸೈಟು ನೋಡಲು ಹೋಗುತ್ತಾರೆ. ಮಾವ ಹೋಗುವುದು ಅವರು ಈಗಿರುವ ಬಾಡಿಗೆ ಮನೆಗೆ. ನೆಪ ಕಾಫಿಯದು, ಕಣ್ಣು ಮಾತ್ರ ನಲ್ಲಿಯ ಮೇಲೆ. ಕತ್ತು ಹಿಸುಕುವ ಹಾಗೆ ತಿರುಗಿಸುತ್ತಾರೋ, ನಯವಾಗಿಯೋ? ತಾರಸಿಯಲ್ಲಿ ನೀರು ಹೋಗುವ ತೂತಿಗೆ ಎಲೆ ಕಸ ತುಂಬಿದೆಯೋ? ಎಲ್ಲ ನೋಡಿಕೊಂಡು ಬಂದು ಎಸ್ಟಿಮೇಟು ಬರೆಯುತ್ತಾರೆ. ಸಿಮೆಂಟು, ಮರಳು, ಕಂಬಿ, ಕೂಲಿ, ಎಲ್ಲಾ ಆದ ಮೇಲೆ ಕೊನೆಯ ಸಾಲು: ಮುಲಾಜು.

"ಇದೇನ್ ಸ್ವಾಮಿ ಮುಲಾಜು?" ಎಂದು ಒಬ್ಬರು ಕೇಳಿಯೇಬಿಟ್ಟರು.

"ನಾಳೆ ನಿಮ್ಮನೇಲಿ ನಲ್ಲಿ ಸೋರಿದ್ರೆ ಫೋನ್ ಯಾರಿಗ್ ಮಾಡ್ತೀರಾ?"

"ನಿಮ್ಗೇ."

"ಆವತ್ತು ನಾನ್ ಬರ್ಬೇಕೋ ಬೇಡ್ವೋ? ಅದೇ ಮುಲಾಜು."

"ಸರಿ, ಪಕ್ಕದ ಮನೆಯವ್ರಿಗೆ ಕಮ್ಮಿ ಹಾಕಿದ್ದೀರಿ. ನಮ್ಗ್ಯಾಕೆ ಜಾಸ್ತಿ?"

"ಅವ್ರ ಮನೇಲಿ ಇರೋದು ಇಬ್ರೇ ವಯಸ್ಸಾದೋರು. ನಿಮ್ಗೆ ಮೂರ್ ಜನ ಗಂಡುಮಕ್ಳು. ಮೂವರೂ ಬಾಗ್ಲಿಗೆ ನೇತಾಡ್ತಾವೆ. ಈಗ್ತಾನೆ ನೋಡ್ದೆ!"

ಇಷ್ಟು ಚಾಣಾಕ್ಷ ಮನುಷ್ಯ ಒಂದೇ ಒಂದು ಕಡೆ ಎಡವಿದ್ದರು. ಗ್ಯಾರಂಟಿ ಎಷ್ಟು ದಿನ ಎಂದು ಯಾರಾದರೂ ಕೇಳಿದರೆ ಎದೆ ಮುಟ್ಟಿಕೊಂಡು, "ನಾನಿರೋವರ್ಗೂ" ಎಂದುಬಿಡುತ್ತಿದ್ದರು! ಕೇಳಿಸಿಕೊಂಡವರು ಬಿಡುತ್ತಾರೆಯೇ? ಹದಿನೇಳು ವರ್ಷದ ಹಳೆಯ ಮನೆಯವರೊಬ್ಬರು, ತೆಂಗಿನಕಾಯಿ ಬಿದ್ದು ಕಿಟಕಿಯ ಮೇಲಿನ ಸಜ್ಜಾ ಒಡೆಯಿತೆಂದು ಫೋನು ಮಾಡಿದರು. "ಮರ ನಾನ್ ನೆಟ್ಟಿದ್ದಲ್ಲ ಕಣ್ರೀ" ಎಂದು ಗೊಣಗುತ್ತಲೇ ಹೋಗಿ ಗಾರೆ ಮೆತ್ತಿ ಬಂದರು. ಇನ್ನೊಬ್ಬರು ಮಿಕ್ಸಿ ಕೆಟ್ಟಿದ್ದಕ್ಕೂ ಕರೆದರು. ಗೋಡೆಯ ಪ್ಲಗ್ಗು ಮಾವನದೇ ತಾನೆ! ಭಾನುವಾರಗಳೆಲ್ಲ ಹೀಗೇ ಕಳೆದವು. "ನಂಗೂ ಒಂದ್ ಗ್ಯಾರಂಟಿ ಬರ್ಸ್ಕೊಂಡಿದ್ರೆ ಆಗ್ತಿತ್ತು, ಭಾನ್ವಾರ ಮುಖನಾದ್ರೂ ನೋಡ್ಬೋದಿತ್ತು" ಎಂದು ಅತ್ತೆ ಹಲುಬುತ್ತಿದ್ದರು.

ಈ ಗ್ಯಾರಂಟಿಯ ಅತಿ ವಿಚಿತ್ರ ಗಿರಾಕಿ ನಮ್ಮಮ್ಮ, ಅಂದರೆ ಮಾವನ ಸ್ವಂತ ಅಕ್ಕ. ಮಾವ ಕಂಟ್ರಾಕ್ಟರಾಗಿ ಕಟ್ಟಿದ ಮೊಟ್ಟಮೊದಲ ಮನೆ ನಮ್ಮದೇ. ಐದು ವರ್ಷದ ಹಿಂದೆ ತಾತನ ಜಮೀನಿನ ಪಾಲಿನ ವಿಷಯಕ್ಕೆ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಮಾವ ಹೊರಗೆ ಕಾಲಿಟ್ಟಿದ್ದೇ ತಡ, ಅಮ್ಮ ಹಿಂದಿನಿಂದ ಬಾಗಿಲನ್ನು ದಢಾರ್ ಎಂದು ಬಡಿದಳು. ಯಾರ ಬಾಗಿಲು, ಯಾರ ಮುಂದೆ! ಆವತ್ತಿನಿಂದ ಮಾತಿಲ್ಲ, ಕಥೆಯಿಲ್ಲ. ಮಾವ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಆದರೆ ಗ್ಯಾರಂಟಿ ಗ್ಯಾರಂಟಿಯೇ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಮಾವ ಗಾರೆ ಮೆತ್ತುವ ಕರಣಿ ಹಿಡಿದು ನಮ್ಮ ಹಿತ್ತಿಲಿಗೆ ಬರುತ್ತಿದ್ದರು. ಅಕ್ಕನ ಹತ್ತಿರ ಮಾತಾಡುವ ಹಾಗಿಲ್ಲವಲ್ಲ, ಗೋಡೆಯನ್ನೇ ವಿಚಾರಿಸುತ್ತಿದ್ದರು.

"ಏನಮ್ಮಾ ಗೋಡೆ, ಈ ವರ್ಷ ತೇವ ಏನಾದ್ರೂ ಬಂದಿತ್ತಾ?"

ಒಳಗಿನಿಂದ ಅಮ್ಮ, "ಬಂದಿತ್ತು ಅನ್ನು ಗೋಡೆ. ಹಿತ್ಲ ಬಾಗ್ಲೂ ಅಲ್ಲಾಡ್ತದೆ ಅನ್ನು" ಎನ್ನುವಳು.

ಮಾವ ಬಿರುಕು ಮುಚ್ಚಿ, ಹಿತ್ತಿಲ ಬಾಗಿಲಿನ ಸ್ಕ್ರೂ ಬಿಗಿ ಮಾಡುವಷ್ಟರಲ್ಲಿ ಕಿಟಕಿಯ ಕಟ್ಟೆಯ ಮೇಲೆ ಮುದ್ದೆ, ಸೊಪ್ಪಿನ ಸಾರು ಬಂದು ಕೂತಿರುತ್ತಿತ್ತು. "ಗೋಡೆಗೆ ಅಂತ ಮಾಡಿದ್ದೆ, ತಿನ್ನೋರು ತಿನ್ಲಿ" ಎಂದು ಅಮ್ಮ ಪಾತ್ರೆಗಳಿಗೆ ಹೇಳುವಳು. ಗೋಡೆ ಪಾಪ ಒಂದು ವರ್ಷವೂ ತಿನ್ನಲಿಲ್ಲ, ತಟ್ಟೆ ಮಾತ್ರ ಖಾಲಿಯಾಗುತ್ತಿತ್ತು. ಒಂದು ಸಲ ಬೇಸಿಗೆಯಲ್ಲಿ ನಾನು ಬೆಳಿಗ್ಗೆ ಎದ್ದು ಬಂದರೆ, ಅಮ್ಮ ಚಾಕುವಿನ ತುದಿಯಿಂದ ಹಿತ್ತಿಲ ಬಾಗಿಲಿನ ಸ್ಕ್ರೂ ಸಡಿಲ ಮಾಡುತ್ತಿದ್ದಳು! ನಾನು ನೋಡಿಲ್ಲದವಳ ಹಾಗೆ ಹಲ್ಲುಜ್ಜಲು ಹೋದೆ. ಅವರಿಬ್ಬರ ನಡುವೆ ಉಳಿದಿದ್ದುದು ಆ ಗ್ಯಾರಂಟಿ ಒಂದೇ.

ಇಂಥ ಗ್ಯಾರಂಟಿಗೆ ಕಲ್ಲು ಹಾಕಿದ ಪುಣ್ಯಾತ್ಗಿತ್ತಿ ಯಾರು ಗೊತ್ತೇ? ನಾನೇ!

ನಾನು ದಾಬಸ್‌ಪೇಟೆಯಲ್ಲಿ ಗೋಡೌನು ಕಟ್ಟುವ ಕಂಪನಿಯೊಂದರಲ್ಲಿ ಟೆಂಡರ್ ಕಾಗದ ನೋಡಿಕೊಳ್ಳುವವಳು. ಹೋದ ವರ್ಷ ಮಾವನಿಗೆ ಬೇರೆಯವರ ಗೋಡೌನಿನ ಕಾಂಪೌಂಡು ಕಟ್ಟುವ ದೊಡ್ಡ ಕೆಲಸ ಸಿಗುವ ಹಾಗಿತ್ತು. ಗ್ಯಾರಂಟಿಯನ್ನು ಬರೆದು ಕೊಡಬೇಕೆಂದು ಆ ಗೋಡೌನಿನವರು ಹಟ ಹಿಡಿದಿದ್ದರು. ಮಾವ ಕಾಗದ ಹಿಡಿದು ನಮ್ಮ ಆಫೀಸಿಗೇ ಬಂದರು.

"ಮಾವ, ಯಾವುದಕ್ಕೆ ಗ್ಯಾರಂಟಿ, ಯಾವುದಕ್ಕಿಲ್ಲ, ಯಾವತ್ತಿನವರೆಗೆ, ಮೂರೂ ಬರೀಬೇಕು. ಕೊನೇ ದಿನ ಗೊತ್ತಿಲ್ದೆ ಮುಲಾಜಿಗೆ ರೇಟ್ ಹೆಂಗ್ ಹಾಕ್ತೀರಾ?"

"ಮಾತಿಗೆ ಕೊನೇ ದಿನಾನಾ? ಮಾತೇನ್ ಬ್ರೆಡ್ಡಾ ಮಗಾ, ಬೂಷ್ಟು ಹಿಡ್ಯೋಕೆ?"

"ನೀವೇನ್ ಚಿರಂಜೀವೀನಾ?"

ಮಾವ ಕಾಗದವನ್ನು ನನ್ನ ಕಡೆ ತಳ್ಳಿ, "ಬರಿ" ಎಂದರು. ಕಾಂಪೌಂಡಿನ ಜೊತೆಗೆ ಮನೆಗಳಿಗೂ ಸೇರಿಸಿ ಗ್ಯಾರಂಟಿ ಕಾರ್ಡು ಅಚ್ಚು ಹಾಕಿಸಿಕೊಟ್ಟೆ: ಬಿರುಕು, ಬಾಗಿಲಿಗೆ ಒಂದು ವರ್ಷ. ತಾರಸಿ ಸೋರಿದರೆ ಐದು ವರ್ಷ. ತೆಂಗಿನಕಾಯಿಗೆ ಇಲ್ಲವೇ ಇಲ್ಲ.

ಗೋಡೌನಿಗೆ ಹೋದ ಮಾವ ಅಲ್ಲೂ ಹಳೆಯ ಚಾಳಿ ಬಿಡಲಿಲ್ಲ. ಗೋಡೌನಿನವರ ಹಳೆಯ ಜಾಗದಲ್ಲಿ ಲಾರಿಗಳು ರಿವರ್ಸ್ ತೆಗೆಯುವುದನ್ನು ಒಂದು ಗಂಟೆ ನಿಂತು ನೋಡಿ, ಹೊಸ ಕಾಂಪೌಂಡಿನ ಒಂದು ಮೂಲೆಗೆ ಮಾತ್ರ ಬೇರೆ ಮುಲಾಜು ಹಾಕಿದರು. ಮ್ಯಾನೇಜರು ಮೊದಲು ನಕ್ಕರಂತೆ. ಹಳೆಯ ಗೋಡೆಯನ್ನು ಲಾರಿ ಗುದ್ದಿದ್ದೂ ಅಂಥದ್ದೇ ಮೂಲೆಯಲ್ಲಿ ಎಂದು ನೆನಪಾಗಿ ರುಜು ಹಾಕಿದರಂತೆ!

ಹೊಸದಾಗಿ ಮತಕ್ಕೆ ಸೇರಿದವರಿಗೆ ಭಕ್ತಿ ಜಾಸ್ತಿ. ಮಾವ ಹಳೆಯ ಮನೆಯವರಿಗೆಲ್ಲ ವಾಟ್ಸಾಪ್ ಕಳಿಸಿದರು: ನಿಮ್ಮ ಗ್ಯಾರಂಟಿ ಮುಗಿದಿದೆ, ಇನ್ನು ಮುಂದೆ ರಿಪೇರಿಗೆ ಕೂಲಿ. ಯಾರೂ ಮುನಿಸಿಕೊಳ್ಳಲಿಲ್ಲ. ಭಾನುವಾರ ಗಂಡ ಮನೆಯಲ್ಲಿ ಸಿಕ್ಕಿದ ಸಂತೋಷಕ್ಕೆ ಅತ್ತೆ ನನಗೆ ಮೈಸೂರುಪಾಕು ಮಾಡಿ ಕಳಿಸಿದರು. ನಾನೂ ಉಬ್ಬಿಹೋದೆ.

ಅಮ್ಮನಿಗೆ ವಾಟ್ಸಾಪ್ ಬರಲಿಲ್ಲ, ಅವಳ ಹತ್ತಿರ ಅದಿಲ್ಲ. ಆದರೆ ಪಕ್ಕದ ಮನೆಯವರು ತಮಗೆ ಬಂದಿದ್ದನ್ನು ಓದಿ ಹೇಳಿದರು.

"ನಮ್ಮನೆ ಕಟ್ಟಿ ಎಷ್ಟ್ ವರ್ಷ ಆಯ್ತೇ?" ಎಂದು ಅಮ್ಮ ನನ್ನನ್ನು ಕೇಳಿದಳು.

"ಇಪ್ಪತ್ತೊಂದು."

"ಹಂಗಾದ್ರೆ ನಮ್ದೂ ಮುಗ್ದೋಯ್ತು."

ಅಷ್ಟೇ ಹೇಳಿ ಚಾಕು ತಗೊಂಡು ಹೋಗಿ, ಹಿತ್ತಿಲ ಬಾಗಿಲಿನ ಸ್ಕ್ರೂಗಳನ್ನು ತಾನೇ ಬಿಗಿ ಮಾಡಿದಳು. ನನ್ನ ಬುದ್ಧಿವಂತಿಕೆಗೆ ಬೆಂಕಿ ಬೀಳಲಿ ಎನಿಸಿತು.

ಈ ವರ್ಷ ಮೇ ತಿಂಗಳಲ್ಲಿ ಎರಡು ಮಳೆ ಬಿದ್ದವು. ಮಾವ ಬರಲಿಲ್ಲ. ಅಮ್ಮ ಗೋಡೆಯ ಹತ್ತಿರವೂ ಮಾತು ಬಿಟ್ಟಳು. ಮೂರನೆಯ ಭಾನುವಾರ ಹಿತ್ತಿಲಲ್ಲಿ ಕೆಮ್ಮು ಕೇಳಿಸಿತು. ಕರಣಿಯ ಜೊತೆ ಮಾವನ ಕೈಯಲ್ಲೊಂದು ಕಾರ್ಡು. ನಾನೇ ಅಚ್ಚು ಹಾಕಿಸಿಕೊಟ್ಟಿದ್ದ ಗ್ಯಾರಂಟಿ ಕಾರ್ಡು! ಅದನ್ನು ಕಿಟಕಿಯ ಕಟ್ಟೆಯ ಮೇಲೆ, ತಟ್ಟೆ ಇಡುವ ಜಾಗದಲ್ಲಿ ಇಟ್ಟು, ಬಾಗಿಲನ್ನು ಆಚೀಚೆ ಆಡಿಸಿ ನೋಡಿದರು. ಸದ್ದೇ ಇಲ್ಲ. ಸ್ಕ್ರೂ ಮುಟ್ಟಿ ನೋಡಿದರು.

"ಯಾಕಕ್ಕಾ, ಈ ವರ್ಷ ಸ್ಕ್ರೂ ಬಿಚ್ಚಲಿಲ್ವಾ?"

ಗೋಡೆಗಲ್ಲ, ಅಕ್ಕನಿಗೇ ಕೇಳಿದ್ದು. ಐದು ವರ್ಷದಲ್ಲಿ ಮೊದಲ ಸಲ. ಅಂದರೆ ಇಷ್ಟು ವರ್ಷವೂ ಗೊತ್ತಿತ್ತು!

"ಗ್ಯಾರಂಟಿ ಮುಗೀತು ಅಂದ್ರಲ್ಲೋ" ಎಂದಳು ಅಮ್ಮ.

"ಅದನ್ನ ಓದು ಮೊದ್ಲು."

ಅಮ್ಮನಿಗೆ ಕಣ್ಣು ಮಂಜಾಗಿತ್ತು, ನಾನೇ ಓದಿದೆ. ಕಟ್ಟಡ: ಅಕ್ಕನ ಮನೆ. ಅವಧಿ: ಅಕ್ಕ ಇರೋವರ್ಗೂ. ಗ್ಯಾರಂಟಿಗೆ ಸೇರದ್ದು: ಏನೂ ಇಲ್ಲ. ಮುಲಾಜು: ವರ್ಷಕ್ಕೊಂದು ಊಟ, ತಟ್ಟೆ ಕಿಟಕಿ ಮೇಲಲ್ಲ, ಒಳಗೆ.

"ಮುಲಾಜು ಜಾಸ್ತಿ ಹಾಕಿದ್ದೀಯ ಕಣೋ" ಎಂದಳು ಅಮ್ಮ, ಸೆರಗಿನಿಂದ ಕಣ್ಣೊರೆಸಿಕೊಂಡು.

"ಬಾಗ್ಲು ಬಡಿಯೋರ್ಗೆ ಅದೇ ರೇಟು."

ಮಾವ ಮನೆಯನ್ನು ಸುತ್ತಿಕೊಂಡು ಮುಂಬಾಗಿಲಿಗೆ ಬಂದರು, ಚಪ್ಪಲಿ ಬಿಟ್ಟರು, ಹೊಸ್ತಿಲು ದಾಟಿ ಒಳಗೆ ಬಂದರು. ಅವರ ಹಿಂದೆ ಅಮ್ಮ ಎರಡೂ ಕೈಯಲ್ಲಿ ಹಿಡಿದು ಬಾಗಿಲನ್ನು ಮೆಲ್ಲಗೆ ಹಾಕಿದಳು.