ಎರಡು ವೀಳ್ಯದ ಆಲ್‌ರೌಂಡರ್

ಇಟ್ಟಿಗಿ ಊರಿನ ಹಾಲಸ್ವಾಮಿಗೆ ಸಿಕ್ಸರ್ ಹೊಡೆಯಲು ಬರುತ್ತಿತ್ತು, ಯಾರ್ಕರ್ ಹಾಕಲು ಬರುತ್ತಿತ್ತು. ‘ಒಲ್ಲೆ’ ಎನ್ನಲು ಮಾತ್ರ ಬರುತ್ತಿರಲಿಲ್ಲ. ಆ ಭಾನುವಾರ ಬೆಳಿಗ್ಗೆ ಅವನ ಎಡಗಡೆ ಜೇಬಿನಲ್ಲಿ ಒಂದು ವೀಳ್ಯ, ಬಲಗಡೆ ಜೇಬಿನಲ್ಲಿ ಇನ್ನೊಂದು ವೀಳ್ಯ ಇದ್ದದ್ದು ಈ ಒಂದು ಕೊರತೆಯಿಂದಲೇ.

ನಮ್ಮ ಕಡೆ ಬಯಲಾಟ ಕಲಿಸುವ ಮೇಷ್ಟ್ರನ್ನು ಎಲೆ ಅಡಿಕೆ ಕೊಟ್ಟು ಕರೆಯುತ್ತಾರೆ. ಕ್ರಿಕೆಟ್ ಬಂದ ಮೇಲೆ ಪರವೂರಿನ ಆಟಗಾರನನ್ನು ಕರೆಯುವುದಕ್ಕೂ ಅದೇ ಪದ್ಧತಿ ನಿಂತಿತು. ಎಲೆ ಹಿಡಿದನೆಂದರೆ ಮಾತು ಕೊಟ್ಟ ಹಾಗೆ. ಆಮೇಲೆ ಜ್ವರ ಬಂದರೂ ಆಡಬೇಕು, ಮನೆಯಲ್ಲಿ ಸೂತಕ ಬಂದರೂ ಆಡಬೇಕು. ಹಾಲಸ್ವಾಮಿ ಹತ್ತು ವರ್ಷದಿಂದ ಈ ಎಲೆಯ ಮೇಲೆಯೇ ಬದುಕಿದ್ದ. ಈ ವಾರ ಹಡಗಲಿಯ ಪರವಾಗಿ ಆಡಿ, ಮುಂದಿನ ವಾರ ಹಡಗಲಿಯವರದೇ ವಿಕೆಟ್ ಕೀಳುತ್ತಿದ್ದ. ಹೋದ ವರ್ಷ ಸರ್ಕಾರದವರು ಹರಪನಹಳ್ಳಿಯನ್ನು ಬಳ್ಳಾರಿಯಿಂದ ಬಿಡಿಸಿ ದಾವಣಗೆರೆ ಜಿಲ್ಲೆಗೆ ಹಚ್ಚಿದಾಗ, “ಇನ್ನ ಮ್ಯಾಲೆ ನಾನು ಎರಡು ಜಿಲ್ಲಾದ ಆಟಗಾರ” ಎಂದು ಹಿಗ್ಗಿದ್ದ. ಐದು ತಾಲ್ಲೂಕುಗಳಲ್ಲಿ ಅವನ ಹೆಸರು ಗೊತ್ತಿಲ್ಲದವರಿರಲಿಲ್ಲ. ಆದರೆ ವಯಸ್ಸು ಮೂವತ್ತೊಂದಾದರೂ ಅವನಿಗೆ ಹೆಣ್ಣು ಕೊಡುವವರೂ ಇರಲಿಲ್ಲ, ಕೆಲಸ ಕೊಡುವವರೂ ಇರಲಿಲ್ಲ.

ಆ ವಾರ ಎರಡು ಬಾಗಿಲೂ ಒಟ್ಟಿಗೇ ತೆರೆದವು. ಗುರುವಾರ ಕೊಟ್ಟೂರಿನ ಮಂಡಕ್ಕಿ ಭಟ್ಟಿಯ ಪಾಲಾಕ್ಷಪ್ಪ ಮನೆಗೆ ಬಂದ. “ಹಗರಿಬೊಮ್ಮನಹಳ್ಳಿ ಟೂರ್ನಮೆಂಟಿನ್ಯಾಗ ನಾವೇನಾರ ಫೈನಲ್ ಮುಟ್ಟಿದ್ರ ನೀ ನಮ್ಮ ಕಡಿ ಆಡಬೇಕು. ಕಪ್ ಬಂತಂದ್ರ ನಮ್ಮ ಮಗಳು ಪುಷ್ಪಲತಾನ ಮದಿವಿ ಮಾತು ಮುಂದುವರಸೋಣು” ಎಂದು ಎಲೆ ಕೊಟ್ಟ. ಶುಕ್ರವಾರ ಕೂಡ್ಲಿಗಿಯ ಜಂಬಣ್ಣ ಬಂದ. ಅವನು ಅಲ್ಲಿನ ಒಂದು ಹೈಸ್ಕೂಲಿನ ಅಧ್ಯಕ್ಷ. “ನಮ್ಮ ಸಾಲಿಗೆ ಡ್ರಿಲ್ ಮಾಸ್ತರು ಬೇಕಾಗ್ಯಾನ. ಫೈನಲ್ ಗೆದ್ದು ಕೊಡು, ಸೋಮವಾರನ ಆರ್ಡರ್ ಬರಸ್ತೀನಿ” ಎಂದು ಅವನೂ ಎಲೆ ಚಾಚಿದ.

ಎರಡು ಊರಿನವರೂ ಸೆಮಿಫೈನಲ್ ದಾಟಿದ ಚರಿತ್ರೆಯೇ ಇರಲಿಲ್ಲ. ಒಬ್ಬರಾದರೂ ಸೋತೇ ಸೋಲುತ್ತಾರೆ, ಉಳಿದವರ ಕಡೆ ಆಡಿದರಾಯಿತು ಎಂದುಕೊಂಡು ಹಾಲಸ್ವಾಮಿ ಎರಡೂ ಎಲೆ ಹಿಡಿದ. ಶನಿವಾರ ಎರಡು ತಂಡಗಳೂ ಗೆದ್ದವು.

ಭಾನುವಾರ ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸಿಳಿದ ಕೂಡಲೇ ಇಬ್ಬರು ಕ್ಯಾಪ್ಟನ್ನರು ಅವನ ಒಂದೊಂದು ರಟ್ಟೆ ಹಿಡಿದರು. ಕೊಟ್ಟೂರಿನ ಕ್ಯಾಪ್ಟನ್ ಪಾಲಾಕ್ಷಪ್ಪನ ಮಗ ಅರುಣಕುಮಾರ್. ಡ್ರಿಲ್ ಮಾಸ್ತರಿಕೆಯ ಕೋರ್ಸು ಮುಗಿಸಿ ಬಂದು ಅಪ್ಪನ ಭಟ್ಟಿಯಲ್ಲಿ ಮಂಡಕ್ಕಿ ಅಳೆಯುತ್ತಿದ್ದ. ಕೂಡ್ಲಿಗಿಯ ಕ್ಯಾಪ್ಟನ್ ಜಂಬಣ್ಣನ ಮಗ ಪ್ರವೀಣಕುಮಾರ್, ಬ್ಯಾಂಕಿನಲ್ಲಿ ಗುಮಾಸ್ತ.

“ಲೇ ಹಾಲ್ಯಾ, ಈ ಕಡಿ ಬಾ.”

“ಅವ ನಮ್ಮ ಎಲಿ ಹಿಡದಾನ, ಕೈ ಬಿಡು.”

“ನಮ್ಮ ಎಲಿ ಗುರುವಾರದ್ದಪಾ. ನಿಮ್ಮದು ಶುಕ್ರವಾರದ್ದು.”

“ಹಂಗಾದ್ರ ನಮ್ಮದ ತಾಜಾ ಐತಿ.”

ಸಂತೆಯಲ್ಲಿ ಇಬ್ಬರಿಗೆ ಮಾರಿಹೋದ ಹೋರಿಯಂತೆ ಹಾಲಸ್ವಾಮಿ ಅತ್ತ ಎರಡು ಹೆಜ್ಜೆ, ಇತ್ತ ಎರಡು ಹೆಜ್ಜೆ ನಡೆಯುತ್ತ ಮೈದಾನ ಮುಟ್ಟಿದ. ಅಂಗಿಯ ತೋಳು ಎರಡೂ ಕಡೆ ಹರಿದಿತ್ತು.

ಟೂರ್ನಮೆಂಟಿನ ಮುಖ್ಯ ಅತಿಥಿ ಹೊಳಲಿನ ದುರುಗಣ್ಣಜ್ಜ. ಬಾವಿ, ಬದು, ಬೀಗರ ಜಗಳ ಬಗೆಹರಿಸುವುದರಲ್ಲಿ ಅಜ್ಜನ ಮಾತಿಗೆ ಎದುರಿರಲಿಲ್ಲ. ಕ್ರಿಕೆಟ್ ನೋಡುತ್ತಿದ್ದದ್ದು ಅಂದೇ ಮೊದಲು. ನ್ಯಾಯ ಅವನ ಮುಂದೆ ಹೋಯಿತು. ಅಜ್ಜ ಎರಡೂ ಕಡೆಯವರ ಮಾತು ಕೇಳಿ, ಎಲೆಗಳನ್ನು ತರಿಸಿ ಮೂಸಿ ನೋಡಿ, ಕಣ್ಣು ಮುಚ್ಚಿ ಕುಳಿತ.

“ಈ ಹುಡುಗ ಏನು ಬಲ್ಲ?”

“ಆಲ್‌ರೌಂಡರ್ ಅದಾನ್ರಿ ಅಜ್ಜಾ. ಬ್ಯಾಟೂ ಬೀಸ್ತಾನ, ಚೆಂಡೂ ಒಗೀತಾನ.”

“ಅಂದ್ರ ಎರಡು ಕಸಬು. ಕೊಟ್ಟವರೂ ಇಬ್ಬರು. ಮತ್ಯಾಕ ಬಡದಾಡ್ತೀರಿ? ಬ್ಯಾಟು ಕೊಟ್ಟೂರವರಿಗೆ, ಚೆಂಡು ಕೂಡ್ಲಿಗಿಯವರಿಗೆ. ಬಾವಿ ನೀರಿಗೆ ಪಾಳಿ ಹಚ್ಚಿದಂಗ.”

ಇಡೀ ಮೈದಾನ ಚಪ್ಪಾಳೆ ತಟ್ಟಿತು. ಅಂಪೈರು ಸುಂಕಪ್ಪ ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ತಮ್ಮೂರು ಹಂಪಸಾಗರಕ್ಕೆ ಹೋಗುವ ಸಂಜೆಯ ಬಸ್ಸು ನೆನಪಾಗಿ ಮುಚ್ಚಿದರು.

ತೀರ್ಪಿನ ಒಳಮರ್ಮ ಹಾಲಸ್ವಾಮಿಗೆ ಹೊಳೆದದ್ದು ಚಹಾ ಕುಡಿಯುವಾಗ. ಕೊಟ್ಟೂರಿನವರು ಬ್ಯಾಟ್ ಮಾಡುವಾಗಲೇ ಅಲ್ಲವೇ ಕೂಡ್ಲಿಗಿಯವರು ಬೌಲ್ ಮಾಡುವುದು? ಹರಿಹರದ ದೇವರು ಅರ್ಧ ಮೈ ಹರಿ, ಅರ್ಧ ಮೈ ಹರನಾಗಿ ನಿಂತಿದ್ದಾನೆ, ನಿಜ. ಆದರೆ ಅರ್ಧ ಮೈ ಎಸೆದ ಚೆಂಡನ್ನು ಇನ್ನರ್ಧ ಮೈ ಹೊಡೆಯಬೇಕೆಂದು ಆ ದೇವರಿಗೂ ಯಾರೂ ಹೇಳಿರಲಿಲ್ಲ. ಚಹಾ ಗಂಟಲಿಗೆ ಹತ್ತಿ ಅವನು ಕೆಮ್ಮಿದ. ಎಡಗಡೆಯಿಂದ ಪಾಲಾಕ್ಷಪ್ಪ, ಬಲಗಡೆಯಿಂದ ಜಂಬಣ್ಣ ಒಟ್ಟಿಗೇ ಬೆನ್ನು ತಟ್ಟಿದರು.

ಮೊದಲು ಕೂಡ್ಲಿಗಿಯವರು ಬ್ಯಾಟಿಗಿಳಿದರು. ಆ ಹನ್ನೆರಡು ಓವರು ಹಾಲಸ್ವಾಮಿಗೆ ಕೆಲಸವೇ ಇಲ್ಲ. ಶಾಮಿಯಾನದಲ್ಲಿ ಹಿರಿಯರಿಬ್ಬರೂ ಅವನನ್ನು ನಡುವೆ ಕೂರಿಸಿಕೊಂಡರು. ಆ ಕಡೆಗೆ ಜಾರದಂತೆ ಈ ಕಡೆ ಒಬ್ಬ, ಈ ಕಡೆಗೆ ಜಾರದಂತೆ ಆ ಕಡೆ ಒಬ್ಬ. ತಮ್ಮತಮ್ಮಲ್ಲಿ ಇಬ್ಬರೂ ಒಂದು ಮಾತೂ ಆಡಲಿಲ್ಲ.

“ಕೊಟ್ಟೂರವರ ಎಲಿ ಯಾಕ ಹಿಡದ್ಯೋ?” ಜಂಬಣ್ಣ ಕಿವಿಯಲ್ಲಿ ಗದರಿದ.

ಹಾಲಸ್ವಾಮಿ ಅತ್ಯಂತ ವಿನಯದಿಂದ ಪುಷ್ಪಲತಾಳ ವಿಷಯ ಹೇಳಿದ. ತನ್ನ ತಪ್ಪು ಸಣ್ಣದಾಗಿ ಕಾಣಲೆಂದು ಅವಳ ಗುಣವನ್ನು ಪುರಾಣದವರಂತೆ ವಿಸ್ತರಿಸಿದ. “ಪಿಯುಸಿ ಓದ್ಯಾಳ್ರಿ. ಅಡಿಗಿ ಬರತೈತಿ, ಹೊಲಿಗಿ ಬರತೈತಿ. ಒಬ್ಬಾಕಿನ ಮಗಳು. ಅಂಥಾ ಮನಿ ಯಾರು ಬಿಡ್ತಾರ ಹೇಳ್ರಿ ಅಧ್ಯಕ್ಷರ?”

“ಹೌದು, ಯಾರು ಬಿಡ್ತಾರ” ಎಂದ ಜಂಬಣ್ಣ, ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿ.

ಸ್ವಲ್ಪ ಹೊತ್ತಿನ ಮೇಲೆ ಪಾಲಾಕ್ಷಪ್ಪನೂ ಅದನ್ನೇ ಕೇಳಿದ. ಹಾಲಸ್ವಾಮಿ ಡ್ರಿಲ್ ಮಾಸ್ತರಿಕೆಯ ವಿಷಯ ಹೇಳಿದ. “ಅಧ್ಯಕ್ಷರದ್ದು ದೊಡ್ಡ ಮನಸ್ಸು, ಸಾವ್ಕಾರ್ರ. ಮಗ ಬ್ಯಾಂಕಿನ್ಯಾಗ ಅದಾನ, ಚಟ ಇಲ್ಲ. ಅವರ ಕೈಯಾಗ ನೌಕರಿ ಐತಿ. ಸರ್ಟಿಫಿಕೇಟು ಇದ್ದವರು ಸಾಕಂತ.”

“ಬರೇ ಸರ್ಟಿಫಿಕೇಟು ಇದ್ರ ಸಾಕೇನು?” ಎಂದ ಪಾಲಾಕ್ಷಪ್ಪ, ಮೈದಾನದಲ್ಲಿದ್ದ ಮಗನ ಕಡೆ ನೋಡುತ್ತ.

ಅದಾದ ಮೇಲೆ ಮಿರ್ಚಿಯ ತಟ್ಟೆ ಹಾಲಸ್ವಾಮಿಯ ಮೂಗಿನ ಮುಂದಿನಿಂದ ಈ ಕಡೆಯಿಂದ ಆ ಕಡೆಗೆ ದಾಟಿತು. ತನಗಾಗಿ ಹಿರಿಯರು ಮೆತ್ತಗಾಗುತ್ತಿದ್ದಾರೆಂದು ಅವನು ಮನಸ್ಸಿನಲ್ಲೇ ಶಿವನಿಗೆ ಕೈ ಮುಗಿದ.

ಕೂಡ್ಲಿಗಿ ತೊಂಬತ್ತೆರಡು ರನ್ ಮಾಡಿತು. ಈಗ ಕೊಟ್ಟೂರಿನ ಬ್ಯಾಟಿಂಗ್, ಅಂದರೆ ಹಾಲಸ್ವಾಮಿಯ ಎರಡೂ ಕಸಬು. ಬೌಲ್ ಮಾಡುವವನು ಬ್ಯಾಟ್ ಹಿಡಿದು ನಿಲ್ಲಲಾಗದೆಂದು ಸುಂಕಪ್ಪ ಮೇಷ್ಟ್ರು ಅವನನ್ನು ಕೊಟ್ಟೂರಿನ ಕೊನೆಯ, ಹನ್ನೊಂದನೆಯ ಬ್ಯಾಟ್ಸ್‌ಮನ್ ಮಾಡಿದರು. ಅಷ್ಟು ಹೊತ್ತಿಗೆ ಅವನ ಓವರುಗಳು ಮುಗಿದಿರುತ್ತವೆಂಬ ಲೆಕ್ಕ.

ಹಾಲಸ್ವಾಮಿಯ ಲೆಕ್ಕ ಬೇರೆ ಇತ್ತು. ಕೊಟ್ಟೂರು ಸೋತರೆ ಹುಡುಗಿ ಹೋದಳು, ಕೂಡ್ಲಿಗಿ ಸೋತರೆ ನೌಕರಿ ಹೋಯಿತು. ಎರಡೂ ಉಳಿಯಬೇಕಾದರೆ ದಾರಿ ಒಂದೇ: ಮ್ಯಾಚು ಸಮ ಆಗಬೇಕು. ತನ್ನ ಪಾಲಿನ ಮೂರು ಓವರುಗಳಲ್ಲಿ ಮೊದಲ ಎರಡನ್ನು ಅವನು ಮಡಿನೀರು ಹೊತ್ತವನಂತೆ, ಯಾರಿಗೂ ತಾಕದ ಹಾಗೆ ಹಾಕಿದ. ರನ್ನೂ ಬರಲಿಲ್ಲ, ವಿಕೆಟ್ಟೂ ಬೀಳಲಿಲ್ಲ. ಎರಡೂ ಕಡೆಯವರು ಬೈದರು.

ಮೂರನೆಯ ಓವರನ್ನು ಪ್ರವೀಣಕುಮಾರ್ ಕೊನೆಗೆಂದು ಎತ್ತಿಟ್ಟಿದ್ದ. ಕೊನೆಯ ಓವರು ಬಂದಾಗ ಕೊಟ್ಟೂರು ಎಂಟು ವಿಕೆಟ್ಟಿಗೆ ಎಂಬತ್ತನಾಲ್ಕು. ಎಂಟು ಬಂದರೆ ಸಮ, ಒಂಬತ್ತು ಬಂದರೆ ಗೆಲುವು.

ಮೊದಲ ಚೆಂಡನ್ನು ಹಾಲಸ್ವಾಮಿ ಪ್ರಸಾದ ಕೊಟ್ಟಂತೆ ಕೊಟ್ಟ. ನಾಲ್ಕು. ಜಂಬಣ್ಣ ಎದ್ದು ನಿಂತ. ಎರಡನೆಯದನ್ನು ಬಿರುಸಾಗಿ ಎಸೆದ. ಸೊನ್ನೆ. ಪಾಲಾಕ್ಷಪ್ಪ ಎದ್ದು ನಿಂತ. ಮೂರನೆಯದಕ್ಕೆ ಎರಡು, ನಾಲ್ಕನೆಯದಕ್ಕೆ ಒಂದು. ತೊಂಬತ್ತೊಂದು. ಇನ್ನೊಂದೇ ರನ್ ಕೊಟ್ಟು ನಿಲ್ಲಿಸಿದರೆ ಹುಡುಗಿಯೂ ಉಂಟು, ಹುದ್ದೆಯೂ ಉಂಟು. ಐದನೆಯದನ್ನು ಸ್ಟಂಪಿಗೆ ಒಂದು ಮೊಳ ದೂರ, ಮೆಲ್ಲಗೆ, ಮಗುವನ್ನು ತೊಟ್ಟಿಲಿಗೆ ಹಾಕುವಂತೆ ಹಾಕಿದ. ಚೆಂಡು ಒಂದು ಬೆಣಚು ಕಲ್ಲಿಗೆ ಬಡಿದು, ಒಳಗೆ ತಿರುಗಿ, ನಡುವಿನ ಸ್ಟಂಪನ್ನು ಮಲಗಿಸಿತು.

ಒಂಬತ್ತನೆಯ ವಿಕೆಟ್. ಉಳಿದದ್ದು ಒಂದು ಚೆಂಡು. ಮುಂದಿನ ಬ್ಯಾಟ್ಸ್‌ಮನ್ ಹಾಲಸ್ವಾಮಿ. ಬೌಲರ್ ಹಾಲಸ್ವಾಮಿ.

ಇಡೀ ಮೈದಾನ ಎದ್ದು ನಿಂತಿತು. ಆಮೇಲೆ ಎಲ್ಲರೂ ಒಮ್ಮೆಲೇ ಮಾತಾಡಿದರು.

“ಓವರು ಅವನದು, ಅವನ ಮುಗಸಬೇಕು” ಎಂದ ಪ್ರವೀಣಕುಮಾರ್.

“ಕೊನೀ ಬ್ಯಾಟು ಅವನದು, ಅವನ ಆಡಬೇಕು” ಎಂದ ಅರುಣಕುಮಾರ್, ಆ ಕಡೆಯ ತುದಿಯಿಂದ.

“ಮೇಷ್ಟ್ರ, ರೂಲು ಏನು ಹೇಳತೈತ್ರಿ?”

“ರೂಲು ಬರೆದವರು ಹೊಳಲಿನ ಅಜ್ಜನ್ನ ಕಂಡಿದ್ದಿಲ್ಲಪ್ಪ” ಎಂದರು ಸುಂಕಪ್ಪ ಮೇಷ್ಟ್ರು, ಕೈಗಡಿಯಾರ ನೋಡಿಕೊಳ್ಳುತ್ತ.

ಮತ್ತೆ ದುರುಗಣ್ಣಜ್ಜನನ್ನು ಕೇಳಿದರು. ಅಜ್ಜನಿಗೆ ತನ್ನ ತೀರ್ಪಿನಲ್ಲಿ ಯಾವ ತೊಡಕೂ ಕಾಣಲಿಲ್ಲ. “ಇದರಾಗೇನೈತಿ? ಚೆಂಡು ಮ್ಯಾಲಕ್ಕ ಒಗದು, ಓಡಿ ಹೋಗಿ ಹೊಡೀಲಿ. ನಮ್ಮ ಬಾವಿಯಾಗ ಎತ್ತು ಹೂಡಿ ಮಟಿ ಹೊಡದು ನೀರೆತ್ತೋನೂ ಅವನ, ನೀರು ಹಾಯಿಸೋನೂ ಅವನ.”

ಹಾಗೆಯೇ ಆಯಿತು. ಹಾಲಸ್ವಾಮಿ ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡ. ಕಾಲಿಗೆ ಪ್ಯಾಡು, ಕೈಯಲ್ಲಿ ಚೆಂಡು. ಒಮ್ಮೆ ಪಾಲಾಕ್ಷಪ್ಪನನ್ನು, ಒಮ್ಮೆ ಜಂಬಣ್ಣನನ್ನು ನೋಡಿ, ಕುಲದೇವರನ್ನು ನೆನೆದು ಚೆಂಡನ್ನು ಮುಗಿಲಿಗೆ ಎಸೆದು ಓಡಿದ. ಅರ್ಧ ದಾರಿಯಲ್ಲಿ ಪ್ಯಾಡು ಬಿಚ್ಚಿ ಕಾಲಿಗೆ ತೊಡರಿತು. ಬೋರಲಾಗಿ ಬಿದ್ದ. ಚೆಂಡು ಅವನ ತಲೆಯ ಮೇಲಿಂದ ಹಾದು, ಎಲ್ಲಿಯೋ ಬಿದ್ದು, ನೀರಿನ ಡ್ರಮ್ಮಿನ ಕಡೆ ಉರುಳಿತು.

ಸುಂಕಪ್ಪ ಮೇಷ್ಟ್ರು ಎರಡೂ ಕೈ ಅಗಲಿಸಿದರು. “ವೈಡ್. ಒಂದು ರನ್. ತೊಂಬತ್ತೆರಡು ತೊಂಬತ್ತೆರಡು. ಮ್ಯಾಚು ಸಮ.”

“ಮೇಷ್ಟ್ರ, ವೈಡ್ ಆದ್ರ ಇನ್ನೊಂದು ಚೆಂಡು ಒಗೀಬೇಕಲ್ರಿ?” ಎಂದರು ಯಾರೋ.

“ನೀ ಒಗದು ನೀ ಹೊಡೀತಿಯೇನು?” ಎಂದು ಮೇಷ್ಟ್ರು ಸ್ಟಂಪುಗಳನ್ನು ಕಿತ್ತು ಬಸ್ ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕಿದರು.

ಬಾಯಲ್ಲಿ ಮಣ್ಣಿದ್ದರೂ ಹಾಲಸ್ವಾಮಿ ನಕ್ಕ. ಅವನ ಬಾಳಿನಲ್ಲಿ ಎಣಿಸಿದ್ದು ಎಣಿಸಿದಂತೆ ನಡೆದದ್ದು ಅದೇ ಮೊದಲು. ಎದ್ದು, ಮಣ್ಣು ಕೊಡವಿ, ಶಾಮಿಯಾನದ ಮುಂದೆ ಹೋಗಿ ನಿಂತ. ಪಾಲಾಕ್ಷಪ್ಪ, ಜಂಬಣ್ಣ ಇಬ್ಬರೂ ಕಪ್ಪಿನ ಒಂದೊಂದು ಕಿವಿ ಹಿಡಿದು ನಿಂತಿದ್ದರು. ಇಬ್ಬರ ಮುಖವೂ ಅರಳಿತ್ತು. ದುರುಗಣ್ಣಜ್ಜ ಮೈಕು ಹಿಡಿದ.

“ದೈವದವರು ಕೇಳ್ರಿ. ಈ ಆಟದಾಗ ಇಬ್ಬರು ಹಿರೇರು ಒಂದಾಗ್ಯಾರ. ಪಾಲಾಕ್ಷಪ್ಪನ ಮಗಳು ಪುಷ್ಪಲತಾನ್ನ ಜಂಬಣ್ಣನ ಮಗ ಪ್ರವೀಣಕುಮಾರಗ ಕೊಡೋದು ಅಂತ ಈಗ ಇಲ್ಲೇ ಮಾತಾತು. ಬೀಗರು ಆದ ಸಂತೋಷಕ್ಕ ಜಂಬಣ್ಣ ತನ್ನ ಸಾಲಿ ಡ್ರಿಲ್ ಮಾಸ್ತರಿಕಿ ಅರುಣಕುಮಾರಗ ಕೊಟ್ಟಾನ.”

ಚಪ್ಪಾಳೆ ಬಿತ್ತು. ಅಭ್ಯಾಸಬಲದಿಂದ ಹಾಲಸ್ವಾಮಿಯೂ ಎರಡು ಚಪ್ಪಾಳೆ ತಟ್ಟಿದ. ಮೂರನೆಯದಕ್ಕೆ ಕೈ ಮೇಲೇಳಲಿಲ್ಲ.

“ಸಾವ್ಕಾರ್ರ, ಮತ್ತ ನಂದು?” ಎಂದ.

ಪಾಲಾಕ್ಷಪ್ಪ ಪ್ರೀತಿಯಿಂದಲೇ ಅವನ ಭುಜದ ಮೇಲೆ ಕೈಯಿಟ್ಟ. “ನೀನ ಅಲ್ಲೇನಪಾ ಹುಡುಗ ಛಲೋ ಅದಾನ ಅಂದಾವ? ಆದ್ರ ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ಎರಡು ಕಡಿ ಎಲಿ ಹಿಡಿಯೋನಿಗೆ ಮಗಳನ್ನ ಹೆಂಗ ಕೊಡ್ಲಿ? ನಾಳಿ ಇನ್ನೊಬ್ಬರು ಎಲಿ ತಂದ್ರ?”

“ಸಾಲಿ ಹುಡುಗರ ಗತಿನೂ ಅದ” ಎಂದ ಜಂಬಣ್ಣ. “ಸೀಟಿ ನಮ್ಮಲ್ಲಿ ಊದ್ತೀಯ, ಪಥಸಂಚಲನ ಇನ್ನೊಂದು ಸಾಲಿಯಾಗ ಮಾಡಸ್ತೀಯ.”

ಹಾಲಸ್ವಾಮಿ ತನ್ನ ಚೀಲ ಹೆಗಲಿಗೇರಿಸಿದ. ಆಗ ಪಾಲಾಕ್ಷಪ್ಪ ಹಿಂದಿನಿಂದ ಕರೆದ.

“ಹಂಗ ಹೋಗಬ್ಯಾಡ. ಮದಿವಿಗೆ ನೀ ಇರಾಕಬೇಕು. ಹೆಣ್ಣಿನ ಕಡಿಯಿಂದ ಊಟ ಬಡಸೋ ಜವಾಬ್ದಾರಿ ನಿಂದು” ಎಂದು ಒಂದು ವೀಳ್ಯ ಚಾಚಿದ.

ಜಂಬಣ್ಣ ಹಿಂದೆ ಬೀಳಲಿಲ್ಲ. “ನಮ್ಮ ಕಡಿನೂ ಒಬ್ಬ ಗಟ್ಟಿ ಮನಷ್ಯಾ ಬೇಕಲ್ಲ. ಮೊದಲನೇ ಪಂಕ್ತಿಯಾಗ ಕುಂತು, ಸಾರಿಗೆ ಉಪ್ಪಿಲ್ಲ, ಹೋಳಿಗಿಗೆ ತುಪ್ಪಿಲ್ಲ ಅಂತ ಬೀಗರನ್ನ ಹಿಡಿಯೋ ಕೆಲಸ ನಿಂದು” ಎಂದು ಇನ್ನೊಂದು ವೀಳ್ಯ ಚಾಚಿದ.

ಬಡಿಸುವವನೂ ತಾನೇ, ಬಡಿಸಿದ್ದು ಸರಿಯಿಲ್ಲ ಎಂದು ಎಲೆಯ ಮುಂದೆ ಕೂಗಾಡುವವನೂ ತಾನೇ. ಹಾಲಸ್ವಾಮಿ ಎರಡು ಕೈಗಳನ್ನೂ ನೋಡಿದ. ಒಂದು ಸಣ್ಣ ಶಬ್ದ ಅವನ ನಾಲಿಗೆಯ ತುದಿಯವರೆಗೆ ಬಂದು, ಹತ್ತು ವರ್ಷದಿಂದ ಎಲ್ಲಿ ತಿರುಗುತ್ತಿತ್ತೋ ಅಲ್ಲಿಯೇ ತಿರುಗಿ ಒಳಗೆ ಹೋಯಿತು.

ಬಸ್ಸು ಹತ್ತುವಾಗ ಅವನ ಎಡಗಡೆ ಜೇಬಿನಲ್ಲಿ ಒಂದು ವೀಳ್ಯ ಇತ್ತು, ಬಲಗಡೆ ಜೇಬಿನಲ್ಲಿ ಇನ್ನೊಂದು.