ಯಾರೂ ಒದೆಯದ ಪಾಯಿಂಟು

ನಾನು ಹೋದ ಕಡೆಯೆಲ್ಲ ಇಂಥವು ಆಗುತ್ತಲೇ ಇರುತ್ತವೆ. ಬೇರೆಯವರು ಮದುವೆಗೆ ಹೋದರೆ ಉಂಡು ಬರುತ್ತಾರೆ. ನಾನು ಹೋದರೆ ತಾಳಿ ಕಟ್ಟುವ ಹೊತ್ತಿಗೆ ಓಲಗದವನ ವಾದ್ಯದಿಂದ ಬರೀ ಗಾಳಿ ಬರುತ್ತದೆ, ನಾದ ಬರುವುದಿಲ್ಲ. ಇದಕ್ಕೆಲ್ಲ ಕಾರಣ ನನ್ನ ಬಲಗಾಲು. ನಾನು ಇಸ್ಕೂಲಿನ ಬಾಗಿಲು ಕಂಡವನಲ್ಲ, ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರ ಕಲಿತವನು. ಆದರೂ ನನ್ನ ಮೊಮ್ಮಗಳ ಒಲಿಂಪಿಕ್ಸಿನ ಗಲಾಟೆ ಬಗ್ಗೆ ಪೇಪರಿನವರು ಬರೆದದ್ದು ಅರ್ಧ, ಟೀವಿಯವರು ಹೇಳಿದ್ದು ಕಾಲು. ಪೂರ್ತಿ ಗೊತ್ತಿರುವುದು ನನಗೆ, ನನ್ನ ಬಲಗಾಲಿಗೆ.

೧. ಬ್ಲಫ್‌ನ ಒಂಟಿ ಹೆಜ್ಜೆ

ಪ್ರಾಯದಲ್ಲಿ ನಾನು ಹೊಳೆಯ ನೀರಿನಿಂದ ಕರೆಂಟು ತೆಗೆಯುವ ಪವರ್‌ಹೌಸಿನ ಊರು ಬ್ಲಫ್‌ನಲ್ಲಿ ಕಂಬ ಹೊರುವ ಕೆಲಸ ಮಾಡಿದ್ದೆ. ನಾಲ್ಕು ಜನ ಹೊರುವ ಕಂಬವನ್ನು ನಾನೊಬ್ಬನೇ ಹೊರುತ್ತಿದ್ದೆ. ಉಳಿದ ಮೂವರು ಬೀಡಿ ಸೇದಿಕೊಂಡು ಹಿಂದೆ ಬರುತ್ತಿದ್ದರು.

ಒಂದು ದಿನ ಮಟಮಟ ಮಧ್ಯಾಹ್ನ. ಅವರೆಲ್ಲ ಊಟಕ್ಕೆ ಹೋಗಿದ್ದರು. ಕಾಲುವೆ ಪಕ್ಕದ ಕಲ್ಲುಹಾಸಿನ ಮೇಲೆ ಒಬ್ಬನೇ ಬರುತ್ತಿದ್ದೆ. ಹಿಂದೆ ಪಚ್, ಪಚ್ ಅಂತ ಒದ್ದೆ ಕಾಲಿನ ಸದ್ದು. ನಾನು ನಿಂತರೆ ನಿಲ್ಲುತ್ತದೆ, ನಡೆದರೆ ನಡೆಯುತ್ತದೆ. ತಿರುಗಿ ನೋಡಿದೆ, ಯಾರೂ ಇಲ್ಲ. ಕಾದ ಕಲ್ಲಿನ ಮೇಲೆ ನೀರಿನ ಹೆಜ್ಜೆಗಳು ನನ್ನ ಹಿಮ್ಮಡಿಯ ತನಕ ಬಂದು ನಿಂತಿವೆ. ಎಲ್ಲವೂ ಬಲಗಾಲಿನವೇ. ಎಡಗಾಲಿನದು ಒಂದೂ ಇಲ್ಲ. ಆ ಬಿಸಿಲಿನಲ್ಲೂ ಅವು ಆರುತ್ತಿಲ್ಲ. ಪವರ್‌ಹೌಸಿನ ಮೊರೆತ ನಿಂತುಹೋದ ಹಾಗಾಯಿತು. ಹಕ್ಕಿ ಇಲ್ಲ, ಗಾಳಿ ಇಲ್ಲ. ಮತ್ತೆ ಮುಂದಕ್ಕೆ ಮುಖ ಮಾಡಿದರೆ ಕತ್ತಿನ ಹಿಂದೆ ಯಾರೋ ತಣ್ಣಗೆ ಉಸಿರು ಬಿಟ್ಟರು.

ಬೇರೆಯವರಾಗಿದ್ದರೆ ಅಲ್ಲೇ ರಕ್ತ ಕಾರುತ್ತಿದ್ದರು. ನಾನು ತಿರುಗದೆ, ನೋಡದೆ, ಬಲಗಾಲು ಎತ್ತಿ ಹಿಂದಕ್ಕೆ ಒಂದು ಒದೆ ಬಿಟ್ಟೆ. ಕಾಲು ಏನಕ್ಕೂ ತಗುಲಲಿಲ್ಲ. ಹೊಳೆಗೆ ಇಳಿದ ಹಾಗೆ ಮಂಡಿಯವರೆಗೂ ತಣ್ಣಗೆ ಒಳಗೆ ಹೋಗಿ, ಹೊರಗೆ ಬಂತು. ಆಮೇಲೆ ಹೆಜ್ಜೆಯ ಸದ್ದಿಲ್ಲ. ಆದರೆ ಅವತ್ತಿನಿಂದ ಈ ಕಾಲು ಬೇಸಿಗೆಯಲ್ಲೂ ಹಿಮದ ಹಾಗೆ. ಕೂತರೆ ತಾನಾಗಿ ಅಲ್ಲಾಡುತ್ತಿರುತ್ತದೆ, ನಾನು ಅಲ್ಲಾಡಿಸುವುದಲ್ಲ. ಊರ ನಾಯಿಗಳು ಇವತ್ತಿಗೂ ನನ್ನ ಎಡಗಡೆಯಿಂದಲೇ ಹಾದುಹೋಗುತ್ತವೆ.

ಈ ಒದೆಯನ್ನು ಮೊಮ್ಮಗಳಿಗೆ ಚಿಕ್ಕಂದಿನಲ್ಲೇ ಹಟ್ಟಿ ಮುಂದೆ ಹೇಳಿಕೊಟ್ಟೆ. ಅವಳು ಒದ್ದು ಒದ್ದು ನಮ್ಮ ಹಿತ್ತಲಿನಲ್ಲಿ ಒಂದು ಬಾಳೆಗಿಡವೂ ನೆಟ್ಟಗೆ ನಿಲ್ಲಲಿಲ್ಲ. ಅದನ್ನು ಕಂಡೇ ಮಂಡ್ಯದ ಟೇಕ್ವಾಂಡೋ ಮೇಷ್ಟ್ರು ಅವಳನ್ನು ಸೇರಿಸಿಕೊಂಡದ್ದು. ಬೆನ್ನು ತಿರುಗಿಸಿ ಹಿಂದಕ್ಕೆ ಒದೆಯುವ ಆ ಒದೆಗೆ ಮೇಷ್ಟ್ರು ಏನೋ ಕೊರಿಯಾ ದೇಶದ ಹೆಸರು ಹೇಳುತ್ತಾರೆ. ಕೊರಿಯಾದವರು ಬ್ಲಫ್‌ಗೆ ಯಾವಾಗ ಬಂದು ಕಲಿತುಕೊಂಡು ಹೋದರೋ, ನನಗಂತೂ ಹೇಳಿ ಹೋಗಲಿಲ್ಲ.

೨. ದೊಡ್ಡ ಊರಿನ ಮರ್ಯಾದೆ

ಒಲಿಂಪಿಕ್ಸಿಗೆ ಹೋಗುವ ದೇಶದ ತಂಡಕ್ಕೆ ಆರಿಸುವ ಪಂದ್ಯ ಬಹಳ ದೂರದ ಊರಿನಲ್ಲಿತ್ತು. ನಮ್ಮ ಹುಡುಗಿಯ ತೂಕದವರಿಗೆ ಇದ್ದದ್ದು ಒಂದೇ ಜಾಗ. ಕೊನೆಗೆ ಉಳಿದವರು ಇಬ್ಬರು. ಇವಳು ಮಂಡ್ಯದ ಮೇಷ್ಟ್ರ ಹತ್ತಿರ ಕಲಿತವಳು. ಇನ್ನೊಬ್ಬಳು ಆರಿಸುವ ಕಮಿಟಿಯವರ ಕ್ಯಾಂಪಿನಲ್ಲೇ ಕಲಿತವಳು. ಆ ಹುಡುಗಿಯೂ ಒಳ್ಳೆಯವಳೇ, ನನಗೆ ಕುಡಿಯಲು ನೀರು ತಂದುಕೊಟ್ಟಳು.

ಈ ಆಟದಲ್ಲಿ ಪಾಯಿಂಟು ಕೊಡುವುದು ಮನುಷ್ಯರಲ್ಲ. ಎದೆಗೆ ಕಟ್ಟಿದ ಕವಚಕ್ಕೆ ಒದೆ ಬಿದ್ದರೆ ಕವಚವೇ ಲೆಕ್ಕ ಹಾಕಿ ಗೋಡೆಯ ಮೇಲಿನ ಬೋರ್ಡಿಗೆ ಕಳಿಸುತ್ತದೆ. ಅದಕ್ಕೆ ಲಂಚ ಕೊಡಲಾಗುವುದಿಲ್ಲ ಅಂತ ಮೇಷ್ಟ್ರು ಹೇಳಿದ್ದರು.

ಪಂದ್ಯದ ಹಾಲಿನಲ್ಲಿ ಏಸಿ ಹಾಕಿ ನನ್ನ ಕಾಲನ್ನು ಮರಗಟ್ಟಿಸಿಬಿಟ್ಟರು. ಮೊಮ್ಮಗಳ ಬ್ಯಾಗಿಗೆ ಕೈಹಾಕಿದೆ, ನೀಲಿ ಕಾಲುಚೀಲವೊಂದು ಸಿಕ್ಕಿತು, ಬಲಗಾಲಿಗೆ ಏರಿಸಿದೆ. ಕುರ್ಚಿಯ ಮುಂದೆ ನೆಲದ ಮೇಲೆ ಕೆಂಪು ದಿಂಬು ಬೇರೆ ಇಟ್ಟಿದ್ದರು. ವಯಸ್ಸಾದವರಿಗೆ ದೊಡ್ಡ ಊರಿನಲ್ಲಿ ಎಷ್ಟು ಮರ್ಯಾದೆ ಅಂದುಕೊಂಡು ಅದರ ಮೇಲೆ ಕಾಲಿಟ್ಟೆ.

ನಮ್ಮ ಹುಡುಗಿ ಗೆದ್ದಳು. ಬ್ಲಫ್‌ನ ಒದೆಯಿಂದಲೇ ಗೆದ್ದಳು. ಇಬ್ಬರೂ ತಲೆಬಾಗಿ, ಕವಚ ಬಿಚ್ಚಿಕೊಟ್ಟು ಹೊರಗೆ ಹೋದರು. ಅಂಕಣ ಖಾಲಿಯಾಯಿತು.

ಆಗ ಬೋರ್ಡಿನಲ್ಲಿ ಕೆಂಪು ಪಾಯಿಂಟು ಏರಿತು.

ಎಲ್ಲರೂ ಮೇಲೆ ನೋಡಿದರು. ಮತ್ತೆ ಏರಿತು. ಅಂಕಣದಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಯಾರೋ ಕಣ್ಣಿಗೆ ಕಾಣದವರು ಕಾಣದವರಿಗೇ ಒದೆಯುತ್ತಿರುವ ಹಾಗೆ, ಒಂದೇ ಸಮ, ನಿಧಾನವಾಗಿ. ಅಷ್ಟು ಜನ ಇದ್ದ ಹಾಲಿನಲ್ಲಿ ಏಸಿಯ ಸದ್ದೊಂದು ಬಿಟ್ಟರೆ ಇನ್ನೇನಿಲ್ಲ. ನನ್ನ ಕೈಮೇಲಿನ ಕೂದಲು ನಿಂತವು. ಎದ್ದು ಬೋರ್ಡಿನ ಕಡೆ ನಡೆದೆ. ನಾನು ಎದ್ದ ಗಳಿಗೆಗೇ ಅದೂ ನಿಂತಿತು. ನಾನು ಬಂದದ್ದು ಅದಕ್ಕೆ ತಿಳಿಯಿತು ನೋಡಿ.

ಕಮಿಟಿಯವರು ಹುಡುಕಿ ಹುಡುಕಿ ನನ್ನ ಕುರ್ಚಿಯ ಮುಂದಿದ್ದ ದಿಂಬನ್ನು ಎತ್ತಿದರು. ಅದು ಮುಂದಿನ ಪಂದ್ಯಕ್ಕೆ ಅಂತ ಆಗಷ್ಟೇ ಬೋರ್ಡಿಗೆ ಜೋಡಿಸಿದ್ದ ಇನ್ನೊಂದು ಕವಚವಂತೆ. ಒಳಗೆ ಮನುಷ್ಯನಿಲ್ಲ, ಹತ್ತಿರ ಯಾರೂ ಇಲ್ಲ, ಪಾಯಿಂಟು ಕೊಡುತ್ತಿದೆ. ಅವರ ಮುಖ ಬಿಳಿಚಿಕೊಂಡಿತು. ಕನ್ನಡ ಬರುವ ಸಾಹೇಬರೊಬ್ಬರು ನನ್ನ ಹತ್ತಿರ ಬಂದು, "ಯಜಮಾನ್ರೆ, ಇಲ್ಲಿ ಯಾರಾದರೂ ಇದ್ದರಾ?" ಅಂದರು.

"ನಾನು ಇದ್ದೆ. ಅದೂ ಇತ್ತು" ಅಂದೆ.

ಅದು ಅಂದರೆ ಯಾವುದು ಅಂದರು. ಬ್ಲಫ್‌ನಿಂದ ಶುರು ಮಾಡಿದೆ. ಕಥೆಯಲ್ಲಿ ಒದ್ದೆ ಹೆಜ್ಜೆ ಹಿಮ್ಮಡಿಗೆ ಬರುವಷ್ಟರಲ್ಲಿ ಸಾಹೇಬರು ಎದ್ದು ಹೋಗಿ 'ಮಿಷಿನ್ ಕೆಟ್ಟಿದೆ' ಅಂತ ಬರೆದುಕೊಂಡರು. ಕಮಿಟಿಯ ತೀರ್ಮಾನ ಹೀಗಾಯಿತು: ಕೆಟ್ಟ ಮಿಷಿನ್ ಕೊಟ್ಟ ಗೆಲುವು ಗೆಲುವಲ್ಲ, ಮತ್ತೆ ಆಡಿಸಲು ಸಮಯವಿಲ್ಲ, ನಮಗೆ ಸರಿ ಕಂಡವರನ್ನು ಕಳಿಸುತ್ತೇವೆ. ಅವರಿಗೆ ಸರಿ ಕಂಡವಳು ಅವರ ಕ್ಯಾಂಪಿನ ಹುಡುಗಿ. ಮೇಷ್ಟ್ರು ಮೇಲಿನವರಿಗೆ ಅಪೀಲು ಹಾಕಿದರು. ರೈಲಿನಲ್ಲಿ ಬರುವಾಗ ಅವರು ಅಂದದ್ದು ಇಷ್ಟು: "ಗೌಡ್ರೆ, ಆ ಪಾಯಿಂಟು ಎಲ್ಲಿಂದ ಬಂತು ಅಂತ ತೋರಿಸಿಬಿಟ್ಟರೆ ಇವಳು ಹೋಗ್ತಾಳೆ. ತೋರಿಸದಿದ್ರೆ ಇಲ್ಲ." ಮೊಮ್ಮಗಳು ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದಳು.  ಒಂದೇ ಒಂದು ಸಲ, ನನ್ನ ಒಂದು ಕಾಲುಚೀಲವೂ ಕಳೆದುಹೋಯಿತು ಅಂದಳು.

ಅದನ್ನೂ ಅದೇ ತಗೊಂಡು ಹೋಗಿರತ್ತೆ ಕಣವ್ವ ಅಂತ ಸಮಾಧಾನ ಹೇಳಿ, ಪಂಚೆ ಕಾಲಿನ ತನಕ ಎಳೆದುಕೊಂಡು ಬೆಚ್ಚಗೆ ಮಲಗಿದೆ.

೩. ಮದ್ದೂರಿನ ಗೊಂಬೆ

ನಮ್ಮ ಜಿಲ್ಲೆಯಲ್ಲಿ ಅನ್ಯಾಯವಾದರೆ ಮೊದಲು ಕಟ್ಟುವುದು ರಸ್ತೆ. ಮದ್ದೂರಿನಲ್ಲಿ ಜನ ಸೇರಿದರು. ನಿಂತ ಬಸ್ಸಿನ ಕಿಟಕಿಯಿಂದ ಒಬ್ಬ ತಲೆ ಹಾಕಿ, ಈ ಸಲ ಎಷ್ಟು ನೀರು ಬುಡ್ತಾವ್ರಂತೆ ಅಂತ ಕೇಳಿದ. ನೀರಲ್ಲ ಕಣ್ಲಾ, ಒದೆ ಅಂದೆ. ಸುಮ್ಮನೆ ತಲೆ ಒಳಕ್ಕೆ ಎಳೆದುಕೊಂಡ.

ಆರಿಸುವ ಕಮಿಟಿಯ ದೊಡ್ಡ ಸಾಹೇಬರ ಗೊಂಬೆ ಮಾಡಿ ಸುಡುವುದು ಅಂತ ಆಯಿತು. ಒಣಗಿದ ಕಬ್ಬಿನ ಸೋಗೆ ತುಂಬಿ, ಪ್ಯಾಂಟು ಶರ್ಟು ತೊಡಿಸಿ, ಮಡಕೆಯ ತಲೆ ಇಟ್ಟರು. ಮಡಕೆಗೆ ಮುಖ ಬರೆದವನು ನಮ್ಮೂರಿನ ಗದ್ದೆಗಳಿಗೆಲ್ಲ ಬೆದರುಬೊಂಬೆ ಬರೆದುಕೊಡುವವನು.

ಕಬ್ಬಿನ ಸೋಗೆ ಕಿಡಿ ಕಂಡರೆ ಸಾಕು, ಭಗ್ ಅನ್ನುತ್ತದೆ. ಈ ಗೊಂಬೆ ಹತ್ತಲಿಲ್ಲ. ಕಡ್ಡಿ ಗೀರಿದರು, ಸೋಗೆಯ ಹತ್ತಿರ ಹೋಗುತ್ತಿದ್ದ ಹಾಗೆ ಯಾರೋ ಊದಿದ ಹಾಗೆ ಆರಿತು. ಗಾಳಿಯೇ ಇರಲಿಲ್ಲ. ಸೀಮೆಎಣ್ಣೆ ಸುರಿದರು, ಬೆಂಕಿ ಎಣ್ಣೆಯ ಮೇಲೆ ಓಡಾಡಿ ಆರಿತು, ಸೋಗೆ ಕಪ್ಪಾಗಲೂ ಇಲ್ಲ.  ಮಟಮಟ ಮಧ್ಯಾಹ್ನ. ಅಷ್ಟು ದೊಡ್ಡ ರಸ್ತೆಯಲ್ಲಿ ಸದ್ದಿಲ್ಲ. ನೇತುಹಾಕಿದ ಗೊಂಬೆಯ ಬಲಗಾಲು ಮಾತ್ರ ಮೆಲ್ಲಗೆ ಅಲ್ಲಾಡುತ್ತಿತ್ತು.

ಹೆಂಗಸರು ಹಿಂದಕ್ಕೆ ಸರಿದರು. ಬಂದೋಬಸ್ತಿಗೆ ಬಂದಿದ್ದ ಇನ್ಸ್‌ಪೆಕ್ಟರು ಗೊಂಬೆಯ ಸುತ್ತ ಒಂದು ಸುತ್ತು ಬಂದು, ಮಡಕೆಯನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿ, "ಯಜಮಾನ್ರೆ, ಅದೇನು ನಿಮ್ಮನ್ನೇ ನೇತಾಕವ್ರಲ್ಲ?" ಅಂದರು.

ನೋಡಿದೆ. ನನ್ನದೇ ಮೀಸೆ, ನನ್ನದೇ ಮೂಗು. ಬರೆದವನನ್ನು ಕೇಳಿದರೆ ನೆಲ ನೋಡಿಕೊಂಡು, ಹಕ್ಕಿ ಹೆದರುವ ಮುಖ ನನಗೆ ಅದೊಂದೇ ಬರೋದು ಕಣಣ್ಣ ಅಂದ. ಬೆಂಕಿಯೂ ಯಾಕೆ ಹತ್ತಿರ ಬರಲಿಲ್ಲ ಅಂತ ಅವತ್ತು ಮದ್ದೂರಿಗೆಲ್ಲ ಗೊತ್ತಾಯಿತು.

೪. ಬಸವಪ್ಪ ಆರಿಸಿದ್ದು

ಅಪೀಲಿಗೆ ಗಡುವು ಹತ್ತಿರ ಬಂತು. ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ. ಮೊಮ್ಮಗಳು ಅಭ್ಯಾಸಕ್ಕೂ ಹೋಗದೆ ಜಗಲಿಯ ಮೇಲೆ ಕೂತುಬಿಟ್ಟಳು. ಅನ್ನ ತಿನ್ನು ಅಂದರೆ, ಯಾವ ತೂಕಕ್ಕೆ ತಿನ್ನಲಿ ಅನ್ನುತ್ತಿದ್ದಳು.

ಆಗ ನಮ್ಮವಳು, ಬಸವಪ್ಪನನ್ನು ಕರೆಸಿ ಅಂದಳು. ಮಳವಳ್ಳಿ ಕಡೆಯ ಒಂದು ದೇವಸ್ಥಾನದ ಬಸವ. ಕಳ್ಳತನವಾದರೆ ಕಳ್ಳನ ಮುಂದೆ ಹೋಗಿ ನಿಲ್ಲುತ್ತದೆ. ಗುಡಿಗೆ ಪೂಜಾರಿ ಬೇಕಾದರೆ ಜನರ ನಡುವೆ ನಡೆದು, ತನಗೆ ಬೇಕಾದವನನ್ನು ಕೊಂಬಿನಿಂದ ನೂಕಿಕೊಂಡು ಗುಡಿಗೆ ಸೇರಿಸುತ್ತದೆ. ಅದರ ಮಾತಿಗೆ ಅಪೀಲಿಲ್ಲ. ಮೇಷ್ಟ್ರು ಓದಿದವರು, ಮೊದಲು ನಕ್ಕರು. ಆಮೇಲೆ, ದೆಹಲಿಯ ಕಮಿಟಿಗಿಂತ ವಾಸಿ ಅಂತ ಒಪ್ಪಿದರು.

ಕೊತ್ತತ್ತಿ ಪಕ್ಕದ ನಮ್ಮೂರಿಗೆ ಬಸವಪ್ಪ ಬಂತು. ಅರಿಶಿನದ ನೀರಿನಲ್ಲಿ ಪಾದ ತೊಳೆದರು. ದೊಡ್ಡ ಸಾಹೇಬರ ಫೋಟೋವನ್ನು ಮಂಡ್ಯದ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿ ಕುರ್ಚಿಯ ಮೇಲೆ ಕೂರಿಸಿದ್ದೆವು. ಮೊಮ್ಮಗಳು ಕೈಮುಗಿದು, "ನನ್ನ ಜಾಗ ಕಳೆದೋರು ಯಾರು, ತೋರ್ಸಪ್ಪ" ಅಂದಳು. 

ಬಸವಪ್ಪ ಹೊರಟಿತು. ಕೊರಳಲ್ಲಿ ಅಷ್ಟು ಗಂಟೆ ಇದ್ದರೂ ಒಂದೂ ಸದ್ದು ಮಾಡಲಿಲ್ಲ. ಇದನ್ನು ನಾನು ನನ್ನ ಕಿವಿಯಾರೆ ಕೇಳಿದೆ. ಫೋಟೋದ ಹತ್ತಿರ ಹೋಗಿ ಮೂಸಿತು.  ಮೂಸಿ, ಮುಖ ತಿರುಗಿಸಿ, ಜನರ ಸಾಲಿನ ಮುಂದೆ ಒಬ್ಬೊಬ್ಬರನ್ನೇ ನೋಡಿಕೊಂಡು ಬಂತು. ಯಾರ ಮುಂದೆ ಬಂದರೆ ಅವರ ಮುಖ ಬೂದಿಯಾಗುತ್ತಿತ್ತು. ಅದರ ನೆರಳು ನನ್ನ ಮೇಲೆ ಬಿತ್ತು. ನಿಂತಿತು. ಆ ಕರಿಯ ಕಣ್ಣಿನಲ್ಲಿ ನಾನು ಚಿಕ್ಕದಾಗಿ ಕಂಡೆ.

ಕೊಂಬಿನಿಂದ ನನ್ನ ಸೊಂಟಕ್ಕೆ ಒಂದು ನೂಕು ಕೊಟ್ಟಿತು.

ನನಗೆ ಎಲ್ಲ ಅರ್ಥವಾಯಿತು. ಕಳ್ಳನನ್ನು ಬಿಟ್ಟು ಪೂಜಾರಿಯನ್ನು ಆರಿಸುತ್ತಿದೆ. ಇಷ್ಟು ದಿನ ಬೇಕಾಯಿತಲ್ಲ ಅಂದುಕೊಂಡು, ನಮ್ಮವಳಿಗೆ ಹೊಸ ಪಂಚೆ ತರಲು ಹೇಳಿದೆ. ಬಸವಪ್ಪ ತಲೆ ಬಗ್ಗಿಸಿತು. ನನ್ನ ಪಾದಕ್ಕೇ ನಮಸ್ಕಾರ ಮಾಡುತ್ತದೆ ಅಂತ ನಾನೂ ಕಾಲು ಮುಂದೆ ಚಾಚಿದೆ. ಅದು ಪಂಚೆ ಸರಿಸಿ, ಬಲಗಾಲನ್ನು ನೆಕ್ಕಿ, ಹಲ್ಲಿನಲ್ಲಿ ಹಿಡಿದು ಎಳೆಯಿತು. ನೀಲಿ ಕಾಲುಚೀಲ ಉದ್ದಕ್ಕೆ ಬಂತು.

ಊರೆಲ್ಲ ಕಾಲುಚೀಲದ ಕಡೆ ಬಗ್ಗಿತು.

"ತಾತ, ಅದು ನಂದು ಕಣ್ ತಾತ" ಅಂದಳು ಮೊಮ್ಮಗಳು.

ಮೇಷ್ಟ್ರು ಎದ್ದರು. ಕಾರಿನಿಂದ ಅಭ್ಯಾಸದ ಕವಚ ತಂದು ನೆಲಕ್ಕಿಟ್ಟರು. ಅದರ ಪಕ್ಕದ ಪೆಟ್ಟಿಗೆ ಪಾಯಿಂಟು ಬಂದಾಗಲೆಲ್ಲ ಕೀಂಯ್ ಅನ್ನುತ್ತದೆ. ಸಾಹೇಬರ ಫೋಟೋ ತೆಗೆದು ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿ, ಕಾಲುಚೀಲ ಮತ್ತೆ ಹಾಕಿಸಿ, ಕಾಲನ್ನು ಕವಚದ ಮೇಲಿಡಿ ಅಂದರು. ಇಟ್ಟೆ. ಕಾಲು ತಾನಾಗಿ ಅಲ್ಲಾಡಿತು. ಕೀಂಯ್. ಕೀಂಯ್. ಆ ಕಾಲುಚೀಲದೊಳಗೆ ಅಯಸ್ಕಾಂತ ಇರುತ್ತದಂತೆ, ಅದು ತಾಗಿದರೇನೇ ಕವಚ ಪಾಯಿಂಟು ಕೊಡುವುದಂತೆ. ಮಿಷಿನ್ ಕೆಟ್ಟಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿತ್ತು.

ಬಸವಪ್ಪನಿಗೆ ಹೇಗೆ ತಿಳಿಯಿತು ಅಂತ ಜನ ಕೆನ್ನೆ ಕೆನ್ನೆ ಬಡಿದುಕೊಂಡರು. ನಮ್ಮವಳು ಮಾತ್ರ, "ಎತ್ಗೆ ಉಪ್ಪು ಅಂದ್ರೆ ಆಸೆ. ಆವತ್ತಿಂದ ಒಗೆಯಾಕೆ ಕೊಟ್ಟಿದ್ರೆ ತಾನೇ ಈ ಮಾರಾಯ" ಅಂದಳು. ದೇವರ ವಿಚಾರದಲ್ಲಿ ಹೆಂಗಸರಿಗೆ ನಂಬಿಕೆ ಕಡಿಮೆ.

ಕಾಲುಚೀಲ ಸೀಲು ಹಾಕಿದ ಕವರಿನಲ್ಲಿ ದೆಹಲಿಗೆ ಹೋಯಿತು. ಪಂದ್ಯದ ಹಾಲಿನ ಕ್ಯಾಮೆರಾದ ವಿಡಿಯೋ ತೆಗೆಸಿ, ದೊಡ್ಡ ದೊಡ್ಡವರೆಲ್ಲ ಕೂತು ನನ್ನ ಕಾಲನ್ನೇ ತಿರುಗಿಸಿ ತಿರುಗಿಸಿ ನೋಡಿದರಂತೆ. ಮಂಡ್ಯ ಜಿಲ್ಲೆಯಲ್ಲಿ ಇನ್ಯಾರ ಕಾಲಿಗೆ ಆ ಭಾಗ್ಯ ಬಂದಿದೆ? ಅಪೀಲು ಗೆದ್ದಿತು. ಪಂದ್ಯದ ಫಲಿತಾಂಶವೇ ಖಾಯಂ ಆಯಿತು. ಜಾಗ ನಮ್ಮ ಹುಡುಗಿಗೇ ಬಂತು. ನನ್ನ ಕಾಲಿನಿಂದ ಬಂತು ಅಂತ ನಾನು ಹೇಳುತ್ತೇನೆ, ಬೇರೆಯವರು ಬೇರೆ ಥರ ಹೇಳುತ್ತಾರೆ.

ಅವಳು ಹೊರಡುವ ದಿನ ಬೆಳಿಗ್ಗೆ ಊರೆಲ್ಲ ಹಟ್ಟಿ ಮುಂದೆ ಸೇರಿತ್ತು. ಸಾಮಾನು ಕಾರಿಗೆ ತುಂಬುತ್ತಿದ್ದರು. ಮೇಷ್ಟ್ರ ಅಭ್ಯಾಸದ ಕವಚ ಜಗಲಿಯ ಕಲ್ಲಿನ ಮೇಲಿತ್ತು. ಹತ್ತಿರ ಯಾರೂ ಇರಲಿಲ್ಲ. ನಾನು ಬೀದಿಯ ಆಚೆ ಬದಿಯಲ್ಲಿ ನಿಂತಿದ್ದೆ.

ಕೀಂಯ್.

ತುಂಬುತ್ತಿದ್ದವರು ನಿಂತರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಪಂಚೆ ಎತ್ತಿ ಎರಡು ಕಾಲನ್ನೂ ತೋರಿಸಿದೆ. ಬರಿಗಾಲು. ಮತ್ತೆ ಕೀಂಯ್. ಮೇಷ್ಟ್ರು ಮೆಲ್ಲಗೆ ಹೋಗಿ ಕವಚ ಎತ್ತಿದರು. ಅದರ ಕೆಳಗಿನ ಕಲ್ಲಿನ ಮೇಲೆ ಒಂದು ಒದ್ದೆ ಹೆಜ್ಜೆ ಇತ್ತು. ಬಲಗಾಲಿನದು. ಮೇಷ್ಟ್ರು ಅದನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಟವಲಿನಿಂದ ಒರೆಸಿಬಿಟ್ಟು, "ಒಲಿಂಪಿಕ್ಸಿಗೆ ಇವಳ ಹೆಸರು ಹೋಗಿಯಾಗಿದೆ ಗೌಡ್ರೆ. ಬಾಯಿ ಮುಚ್ಕೊಂಡಿರಿ" ಅಂದರು.

ಮೊಮ್ಮಗಳು ಬಂದು ನನ್ನ ಕಾಲಿಗೆ ಬಿದ್ದಳು. ಬಲಗಾಲು ಮುಟ್ಟಿದವಳು ಬೆಚ್ಚಿ ಕೈ ಹಿಂದಕ್ಕೆಳೆದು, ನನ್ನ ಮುಖ ನೋಡಿ ನಕ್ಕಳು.

"ಏರ್‌ಪೋರ್ಟಿಗೆ ಬರಂಗಿದ್ರೆ ಬಾ ತಾತ" ಅಂದಳು. "ಇದನ್ನ ಮನೇಲಿ ಬುಟ್ಟು ಬಾ."