ಒಮ್ಮೆಯೂ ಕೆಮ್ಮದ ಅಸ್ಥಿಪಂಜರದವರಿಗೆ

ಗಜೇಂದ್ರಗಡ,
ಕಾರ್ತಿಕ ಮಾಸ, ೧೯೫೭

ಮಾನ್ಯರೇ,

ನಗರದ ದೊಡ್ಡ ವೈದ್ಯಕೀಯ ಕಾಲೇಜಿನ ಶರೀರರಚನಾ ವಿಭಾಗದಲ್ಲಿ, ಕಿಟಕಿಯ ಪಕ್ಕದ ಕಬ್ಬಿಣದ ಕೊಕ್ಕೆಗೆ ನೇತುಬಿದ್ದು, ತಲೆಮಾರುಗಳಿಂದ ಈ ದೇಶಕ್ಕೆ ಡಾಕ್ಟರುಗಳನ್ನು ತಯಾರಿಸಿಕೊಡುತ್ತ ಬಂದಿರುವ ತಮ್ಮ ಪೂಜ್ಯ ಅಸ್ಥಿಗಳಿಗೆ, ತಮ್ಮ ಹಳೆಯ ಶಿಷ್ಯನೂ, ಸದ್ಯ ಇಲ್ಲಿಯ ಬಸ್ ಸ್ಟ್ಯಾಂಡಿನ ಹಿಂದೆ ಬಾಡಿಗೆಯ ಎರಡು ಖೋಲಿಗಳಲ್ಲಿ ದವಾಖಾನೆ ಇಟ್ಟುಕೊಂಡಿರುವವನೂ ಆದ ನರಗುಂದದ ಜಯತೀರ್ಥನು ತಲೆಬಾಗಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿರಬೇಕೆಂದು ಹಾರೈಸುವುದು ಪತ್ರದ ವಾಡಿಕೆ. ಆದರೆ ತಮಗೆ ಬರಬಹುದಾದದ್ದೆಲ್ಲ ಆಗಲೇ ಬಂದು ಹೋಗಿರುವುದರಿಂದ ಆ ಮಾತನ್ನು ಕೈಬಿಟ್ಟಿದ್ದೇನೆ. ಪತ್ರವನ್ನು ಬಹಿರಂಗವಾಗಿ ಬರೆಯಲು ಕಾರಣವಿಷ್ಟೇ: ಬೆರಳುಗಳನ್ನು ತಂತಿಯಿಂದ ಬಿಗಿದಿರುವುದರಿಂದ ತಾವು ಲಕೋಟೆ ಒಡೆಯಲಾರಿರಿ.

ಮೊದಲು ತಮ್ಮ ಗುಣಗಾನ ಮಾಡಿ ಆಮೇಲೆ ತಕರಾರಿಗೆ ಬರುತ್ತೇನೆ. ತಮ್ಮಂಥ ಆದರ್ಶ ರೋಗಿಯನ್ನು ಈ ಸೀಮೆಯಲ್ಲಿ ನಾನು ಇದುವರೆಗೆ ಕಂಡಿಲ್ಲ. ಕೈ ಎತ್ತಿದರೆ ಎತ್ತಿದಂತೆ ಇರುತ್ತಿದ್ದಿರಿ, ಬಿಟ್ಟರೆ ಬಿಟ್ಟಂತೆ. ತಮ್ಮ ಜೊತೆಗೆ ಅತ್ತೆ ಬರುತ್ತಿರಲಿಲ್ಲ, ಮೈದುನ ಬಂದು ನಡುವೆ ಬಾಯಿ ಹಾಕುತ್ತಿರಲಿಲ್ಲ, ಕಂಕುಳಲ್ಲಿ ಕೂಸು ಅಳುತ್ತಿರಲಿಲ್ಲ, "ಬಿತ್ತಿಗಿ ಹೊತ್ತಾತು, ಲಗೂ ಬಿಡ್ರಿ ಸಾಹೇಬ್ರ" ಎಂದು ತಾವು ಅರ್ಧಕ್ಕೆ ಎದ್ದು ಹೋಗುತ್ತಿರಲಿಲ್ಲ. ಮನೆಯಿಲ್ಲದ, ಕೆಲಸವಿಲ್ಲದ, ಹಸಿವೆಯಿಲ್ಲದ ರೋಗಿ! ಲೋಕದ ರೋಗಿಗಳೆಲ್ಲ ಹೀಗೆಯೇ ಒಬ್ಬೊಬ್ಬರಾಗಿ ಕೊಕ್ಕೆಯಿಂದ ಇಳಿದು ಬರುತ್ತಾರೆಂದು ನಂಬಿ ನಾನು ಊರ ಕಡೆಗೆ ಹೊರಟೆ. ರೋಣದಲ್ಲಿ ಬಸ್ಸು ಬದಲಿಸುವಾಗ ನನ್ನ ಹೊಸ ಚರ್ಮದ ಪೆಟ್ಟಿಗೆಯನ್ನು ಮೇಲೆ ಹಾಕಲು ಕ್ಲೀನರನಿಗೆ ಕೊಡದೆ ತೊಡೆಯ ಮೇಲೆಯೇ ಇಟ್ಟುಕೊಂಡೆ; ಇಡೀ ತಾಲೂಕಿನ ಆರೋಗ್ಯವೆಲ್ಲ ಅದರೊಳಗಿದೆ ಎಂಬ ಠೀವಿ ನನ್ನದು.

ಮೊದಲ ಮಂಗಳಾರತಿ ಮನೆಯಲ್ಲೇ ಆಯಿತು. ನಮ್ಮ ತಾಯಿ ಅನಸೂಯಾಬಾಯಿಯವರು ಮೊಣಕಾಲು ನೋವೆಂದಾಗ, ಅಲ್ಲಿ ಬಂದು ಕೂಡುವ ಎಲುಬುಗಳ ಲ್ಯಾಟಿನ್ ಹೆಸರುಗಳನ್ನು ನಾನು ಒಂದೂ ತಪ್ಪದೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಹೆಸರಿಡೋದು ಮುಗೀತೇನೋ ತಮ್ಮಾ? ಇನ್ನ ನೋವಿಗೆ ಏನಾರ ಮಾಡು" ಎಂದರು. ನನಗೆ ಆಗಲೇ ಎಚ್ಚರವಾಗಬೇಕಿತ್ತು. ಆಗಲಿಲ್ಲ. ತಾಯಂದಿರಿಗೆ ವಿಜ್ಞಾನ ತಿಳಿಯುವುದಿಲ್ಲವೆಂದು ಸಮಾಧಾನ ಮಾಡಿಕೊಂಡು ಇಲ್ಲಿಗೆ ಬಂದು ಬೋರ್ಡು ಹಾಕಿದೆ.

ಇಲ್ಲಿಯ ಪದ್ಧತಿಯೇ ಬೇರೆ, ಮಾನ್ಯರೇ. ರೋಗ ಒಬ್ಬರಿಗೆ, ದವಾಖಾನೆಗೆ ಬರುವವರು ಇನ್ನೊಬ್ಬರು. ಮನೆಯಲ್ಲಿ ಯಾರಿಗೆ ಬಿಡುವಿದೆಯೋ ಅವರು ಒಂದು ಬಾಟಲಿ ತೊಳೆದು ಹಿಡಿದುಕೊಂಡು ಬಂದು, ಕೆಮ್ಮು ಯಾರದು, ಹೊಟ್ಟೆನೋವು ಯಾರದು ಎಂದು ವರದಿ ಒಪ್ಪಿಸಿ, ಔಷಧ ತುಂಬಿಸಿಕೊಂಡು ಹೋಗುತ್ತಾರೆ. ರಾಜೂರಿನ ಹನಮಪ್ಪನೆಂಬ ಗೃಹಸ್ಥ ತನ್ನ ಅತ್ತಿಗೆಯ ತಲೆನೋವು, ಕಾಕಾನ ಭೇದಿ ಮತ್ತು ಎತ್ತಿನ ಕುಂಟು, ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ, "ಮೂರಕ್ಕೂ ಇದರಾಗ ಹಾಕ್ರಿ" ಎಂದು ಒಂದೇ ಬಾಟಲಿಯನ್ನು ಮುಂದೆ ಮಾಡಿದಾಗ, ತಮ್ಮನ್ನು ನೆನೆದು ನನ್ನ ಕಣ್ಣು ತುಂಬಿ ಬಂತು. ಆದರೂ ದಿನಗಳೆದಂತೆ ನಾನು ಈ ಪದ್ಧತಿಗೆ ಒಗ್ಗಿಕೊಂಡೆ. ಎಷ್ಟು ಒಗ್ಗಿಕೊಂಡೆನೆಂದರೆ, ಬಾಟಲಿ ಹಿಡಿದು ಬಂದವರ ಮುಖ ನೋಡುವುದನ್ನೇ ಬಿಟ್ಟೆ.

ಈಗ ಮುಖ್ಯ ತಕರಾರು. ಮಲಿಕಸಾಬ ಎಂಬ ನೇಕಾರ, ಹಗಲೆಲ್ಲ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಮಗ್ಗದ ಮೇಲೆ ಬಾಗಿ ಕೂಡುವವನು, ಬೇಸಿಗೆಯಲ್ಲಿ ಕೆಮ್ಮುತ್ತ ತಾನಾಗಿಯೇ ಬಂದ. ಎದೆಗೆ ನಳಿಗೆ ಹಚ್ಚಿ ನೋಡಿ, ಕಫವನ್ನು ಹುಬ್ಬಳ್ಳಿಗೆ ಕಳಿಸಿ, ಕ್ಷಯವೆಂದು ಖಾತ್ರಿ ಮಾಡಿಕೊಂಡೆ. ಗುಳಿಗೆಯ ಜೊತೆಗೆ ಏನೇನು ಬೇಕೆಂದು ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಬೆಟ್ಟದ ಹವೆ, ಪೂರ್ಣ ವಿಶ್ರಾಂತಿ, ಹಾಲು, ತತ್ತಿ, ನಿಶ್ಚಿಂತ ಮನಸ್ಸು. ಬೆಟ್ಟದ ಮೇಲಿನ ಆಸ್ಪತ್ರೆಗಳೆಲ್ಲ ದೂರದ ಮಾತು. ಆದರೆ ಗಜೇಂದ್ರಗಡಕ್ಕೆ ಬೆಟ್ಟ ಮಗ್ಗುಲಲ್ಲೇ ಇದೆಯಲ್ಲ! ಇದು ಹೊಳೆದ ದಿನ ನನಗೆ ನಾನೇ ಶಹಬ್ಬಾಸ್ ಅಂದುಕೊಂಡೆ. ಕೋಟೆಯ ಹತ್ತಿರ ಕುರಿಯವರು ಬಿಟ್ಟು ಹೋಗಿದ್ದ ಗುಡಿಸಲಲ್ಲಿ ಅವನನ್ನು ಇರಿಸಿ, ಕೂತಲ್ಲಿಂದ ಏಳಬೇಡ, ಚಿಂತೆ ಮಾಡಬೇಡ, ದಿನಾ ಹಾಲು ಕುಡಿ ಎಂದು ಅಪ್ಪಣೆ ಕೊಟ್ಟೆ. ಆ ಹಾಲನ್ನು ಗುಡ್ಡದ ಮೇಲಕ್ಕೆ ಯಾರು ಹೊರಬೇಕು, ಅವನು ಎದ್ದು ಹೋದ ಮಗ್ಗಕ್ಕೆ ಯಾರು ಕೂಡಬೇಕು, ಅವನು ಬಿಟ್ಟ ಚಿಂತೆಯನ್ನು ಯಾರು ಮಾಡಬೇಕು ಎಂಬುದು ಪುಸ್ತಕದಲ್ಲಿ ಇರಲಿಲ್ಲ. ತಾವು ಎಂದೂ ಹಾಲು ಕೇಳಿದವರಲ್ಲವಾದ್ದರಿಂದ ನನಗೂ ಹೊಳೆಯಲಿಲ್ಲ.

ಹೊರುತ್ತಿದ್ದವಳು, ನೇಯುತ್ತಿದ್ದವಳು, ಚಿಂತೆ ಮಾಡುತ್ತಿದ್ದವಳು ಎಲ್ಲ ಒಬ್ಬಳೇ: ಅವನ ಹೆಂಡತಿ ಮುಮತಾಜಬಿ. ವಾರವಾರ ಸಂತೆಯ ದಿನ ಅವನ ಗುಳಿಗೆ, ಬಾಟಲಿ ಒಯ್ಯಲು ಬರುತ್ತಿದ್ದವಳೂ ಅವಳೇ. "ಹ್ಯಾಂಗಿದ್ದಾನ ನಿನ್ನ ಗಂಡ?" ಎಂದು ನಾನು ಕೇಳುವುದು, "ಭಾಳ ಚಲೋ ಆಗ್ಯಾರ್ರಿ ಸಾಹೇಬ್ರ, ಉಣತಾರ, ಮಕ್ಕೋತಾರ" ಎಂದು ಅವಳು ನಡುನಡುವೆ ಕೆಮ್ಮುತ್ತ ಹೇಳುವುದು, ನಾನು ಕುರ್ಚಿಯಲ್ಲಿ ಕೂತಲ್ಲೇ ಉಬ್ಬುವುದು. ಒಂದು ವಾರ, ನಾನು ಬೇರೊಬ್ಬರ ಎದೆಗೆ ನಳಿಗೆ ಹಚ್ಚಿ ಕೂತಾಗ, ಅವಳ ಕೆಮ್ಮಿನ ಸದ್ದಿಗೆ ಒಳಗಿನದು ಏನೂ ಕೇಳಿಸದೆ ಸಿಟ್ಟು ಬಂದು, "ಸ್ವಲ್ಪ ಹೊರಗ ನಿಂತು ಕೆಮ್ಮವಾ ತಾಯಿ, ಇಲ್ಲೆ ಪರೀಕ್ಷಾ ನಡದದ" ಎಂದೆ. "ತಪ್ಪಾತ್ರಿ" ಎಂದು ಅವಳು ಕಟ್ಟೆಗೆ ಹೋಗಿ, ಕೆಮ್ಮು ಮುಗಿಸಿಕೊಂಡು ಬಂದು ಬಾಟಲಿ ಒಯ್ದಳು.

ಮಳೆಗಾಲ ಮುಗಿದ ಮೇಲೆ, ನನ್ನ ದಿಗ್ವಿಜಯವನ್ನು ಕಾಲೇಜಿಗೆ ಬರೆದು ತಿಳಿಸುವ ಮೊದಲು ಕಣ್ಣಾರೆ ನೋಡಿಬಿಡೋಣವೆಂದು ಏದುಸಿರು ಬಿಡುತ್ತ ಗುಡ್ಡ ಹತ್ತಿದೆ. ಮಲಿಕಸಾಬ ಗಲ್ಲ ತುಂಬಿಕೊಂಡು, ಗುಡಿಸಲ ಮುಂದಿನ ಕಲ್ಲಿನ ಮೇಲೆ ನವಾಬನಂತೆ ಕೂತಿದ್ದ. ನಾನು ಅವನ ಬೆನ್ನು ತಟ್ಟುತ್ತಿರುವಾಗಲೇ, ಕೆಳಗಿನ ತಿರುವಿನಲ್ಲಿ ತಲೆಯ ಮೇಲೆ ರೊಟ್ಟಿಯ ಬುಟ್ಟಿ, ಕೈಯಲ್ಲಿ ಹಾಲಿನ ಚೊಂಬು ಹಿಡಿದು ಬರುವ ಮುಮತಾಜಬಿ ಕಂಡಳು. ನಾಲ್ಕು ಹೆಜ್ಜೆ ಹತ್ತುವಳು, ಕೂಡುವಳು, ಕೆಮ್ಮುವಳು, ಮತ್ತೆ ಏಳುವಳು. ಹತ್ತಿರ ಬಂದಾಗ ಬಾಯಿ ಒರೆಸಿಕೊಂಡ ಸೆರಗನ್ನು ಒಳಗೆ ಮಡಚಿಕೊಂಡಳು; ಅದರ ಮೇಲಿನ ರಕ್ತ ನನಗೆ ಕಂಡೇಬಿಟ್ಟಿತು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರೆ ಮಲಿಕಸಾಬ ನನ್ನನ್ನೇ ಆಶ್ಚರ್ಯದಿಂದ ನೋಡಿದ. "ಮಳಿ ಸುರು ಆದಾಗಿಂದ್ರಿ. ವಾರಾ ವಾರಾ ನಿಮ್ಮ ಮುಂದ ಕೆಮ್ಮಿ ಬರತಾಳಲ್ರಿ. ಡಾಕ್ಟರ ಸಾಹೇಬ್ರು ಕೇಳ್ಯಾರ, ಏನೂ ಅಂದಿಲ್ಲ, ಅಂದಮ್ಯಾಲ ಏನೂ ಇಲ್ಲ ಬಿಡು ಅಂತ ಆಕಿನೂ ಅಂದ್ಲು, ನಾನೂ ಅಂದೆ" ಎಂದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚಲೋ ಇತ್ತು.

ನಾನು ಸುಮ್ಮನಿದ್ದದ್ದನ್ನೇ ಅವರು ಪರೀಕ್ಷೆಯೆಂದು ತಿಳಿದಿದ್ದರು, ಮಾನ್ಯರೇ! ಕಾಲೇಜಿನ ಮೌಖಿಕ ಪರೀಕ್ಷೆಯಲ್ಲಿ ತಮ್ಮ ಸೊಂಟದ ಎಲುಬು ಮುಟ್ಟಿ ತೋರಿಸಿ, ಇದು ಗಂಡಸಿನದೋ ಹೆಂಗಸಿನದೋ ಎಂದು ಕೇಳಿದಾಗ, ಹೆಂಗಸಿನದು ಎಂದು ಥಟ್ಟನೆ ಹೇಳಿ ಪದಕ ಗೆದ್ದವನು ನಾನು. ಸತ್ತ ಹೆಂಗಸನ್ನು ಎಲುಬಿನಿಂದ ಗುರುತಿಸಿದ ಈ ಪಂಡಿತನಿಗೆ, ಬದುಕಿದ ಹೆಂಗಸೊಬ್ಬಳು ಮಳೆಗಾಲವೆಲ್ಲ ಎದುರಿಗೇ ನಿಂತು ಕೆಮ್ಮಿದರೂ ಕಾಣಲಿಲ್ಲ. ಪದಕ ಕೊಟ್ಟವರ ಮೇಲೆ ತಕರಾರು ಹೂಡುವ ಎದೆಗಾರಿಕೆ ನನ್ನಲ್ಲಿಲ್ಲ, ಅದಕ್ಕೇ ತಮ್ಮ ಮೇಲೆ ಹೂಡಿದ್ದೇನೆ. ತಿರುಗಿ ಮಾತಾಡದವರ ಮೇಲೆ ತಪ್ಪು ಹೊರಿಸುವ ವಿದ್ಯೆಯನ್ನು ಯಾವ ಕಾಲೇಜೂ ಕಲಿಸಬೇಕಾಗಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ವಿನಂತಿ. ದೇಶ ಬದಲಾಗುತ್ತಿದೆ, ಹೊಸ ಗುಳಿಗೆ, ಹೊಸ ಸೂಜಿ ಬಂದಿವೆ, ಹೊಸ ಡಾಕ್ಟರುಗಳು ಬೇಕಾಗಿದ್ದಾರೆ. ಬರುವ ವರ್ಷದ ವಿದ್ಯಾರ್ಥಿಗಳು ಬರುವುದರೊಳಗೆ ತಾವೂ ದಯಮಾಡಿ ಒಬ್ಬ ಅತ್ತೆಯನ್ನೂ ನಾಲ್ಕು ಮಕ್ಕಳನ್ನೂ ಸಂಪಾದಿಸಿಕೊಳ್ಳಬೇಕು. ಮುಶಿಗೇರಿಯ ಹೊಲಗಳಲ್ಲಿ ಒಂದು ಸುಗ್ಗಿ ಜೋಳ ಕೊಯ್ದು, ಕೊಡ ಹೊತ್ತು ನೀರು ತಂದು, ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಂಡು ಕ್ಲಾಸಿಗೆ ಬರಬೇಕು. ಪ್ರಾಧ್ಯಾಪಕರು ಎಲುಬು ಎಣಿಸಲು ಸುರು ಮಾಡಿದೊಡನೆ ಒಮ್ಮೆ ಜೋರಾಗಿ ಕೆಮ್ಮಬೇಕು. "ಮನಿಯಾಗ ಮತ್ತ್ಯಾರಿಗೆ ಕೆಮ್ಮೈತ್ರಿ, ಹಾಲು ಯಾರು ಹೊರತಾರ್ರಿ" ಎಂದು ಕೇಳಿದ ಹುಡುಗನನ್ನು ಪಾಸು ಮಾಡಿ, ಹೊರಗೆ ನಿಂತು ಕೆಮ್ಮು ಎಂದವನನ್ನು ತಮ್ಮ ಪಕ್ಕದ ಕೊಕ್ಕೆಗೆ ನೇತುಹಾಕಬೇಕು. ಆ ಕೊಕ್ಕೆಯ ಉದ್ಘಾಟನೆಗೆ ಯಾರೂ ಸಿಗದಿದ್ದರೆ ತಂತಿ ಕೊಡಿ, ನಾನೇ ಬರುತ್ತೇನೆ.

ಸದ್ಯಕ್ಕಂತೂ ಬರಲಾರೆ. ಬೆಳಿಗ್ಗೆ ದವಾಖಾನೆಯ ಬಾಗಿಲು ತೆಗೆಯುವ ಮೊದಲು ಮುಮತಾಜಬಿಯ ಮನೆಗೆ ಹೋಗಿ ಸೂಜಿ ಮಾಡಿ ಬರಬೇಕು. ಅವಳನ್ನು ಗುಡ್ಡಕ್ಕೆ ಕಳಿಸಿಲ್ಲ. ಮಲಿಕಸಾಬ ಇಳಿದು ಬಂದಿದ್ದಾನೆ; ಹಾಲು ತಾನೇ ತರುತ್ತಾನೆ, ರೊಟ್ಟಿ ಬಡಿಯಲು ಹೋಗಿ ಕೈ ಸುಟ್ಟುಕೊಂಡು ಅವಳಿಂದ ಬೈಸಿಕೊಳ್ಳುತ್ತಾನೆ. ಅವಳು ಹಾಲಿನ ಬಟ್ಟಲನ್ನು ತುಟಿಯ ತನಕ ಒಯ್ದು, ಎಲ್ಲರದೂ ಆಯಿತೇ ಎಂದು ಸುತ್ತ ನೋಡಿ, ಮತ್ತೆ ಕೆಳಗಿಡುತ್ತಾಳೆ. ನಾನು ಗದರಿದರೆ, "ನಾ ರೋಗಿ ಅಲ್ರಿ ಸಾಹೇಬ್ರ, ನಾ ಅವರ ಔಷಧ ಒಯ್ಯಾಕಿ" ಎನ್ನುತ್ತಾಳೆ. ಅವಳ ಎದೆಯ ಸದ್ದು ಇನ್ನೂ ಚಲೋ ಇಲ್ಲ. ಉಳಿಯುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ, ನನಗೆ ಭಾಳ ಹೆದರಿಕೆಯಾಗಿದೆ.

ಎಲುಬುಗಳನ್ನು ಮಾತ್ರ ಚೆನ್ನಾಗಿ ಬಲ್ಲ,
ತಮ್ಮ ವಿಶ್ವಾಸಿ,
ಡಾಕ್ಟರ್ ಜಯತೀರ್ಥ

ತಾ.ಕ.: ತಮ್ಮ ಪಕ್ಕೆಲುಬುಗಳನ್ನು ಕಣ್ಣು ಮುಚ್ಚಿ ಗುರುತಿಸಬಲ್ಲ ನಾವು ಯಾರೂ, ತಾವು ಏನಾಗಿ ತೀರಿಕೊಂಡಿರಿ ಎಂದು ಒಂದು ದಿನವೂ ವಿಚಾರಿಸಲಿಲ್ಲ. ಬದುಕಿದ್ದಾಗ ತಾವೂ ಯಾವುದಾದರೊಂದು ದವಾಖಾನೆಗೆ ಬಂದಿರಲೇಬೇಕು. ಅಲ್ಲಿಯ ಡಾಕ್ಟರನೂ ಪದಕ ಗೆದ್ದವನೇ ಇದ್ದಿರಬೇಕು. ಅವನ ಎದುರಿಗೆ ನಿಂತಾಗ ತಮ್ಮ ಕೈಯಲ್ಲಿದ್ದದ್ದು ಯಾರ ಬಾಟಲಿ?